ಮೊದಲು ಪಾಕ್ ಎರ್‌ತೆ ಮನೆಗೆ ಹೋಗಿ: ಪುರ್ವಾಕರ್ತಾದ ಹಳ್ಳಿಗಳಿಗೆ ಬಂದ ಹೊಸಬರಿಗೆ

ಬಟ್ಟೆ, ನೂಲಿನ ಕಾರ್ಖಾನೆಗಳ ಕೆಲಸಕ್ಕೆ ಇಂಡೊನೇಷ್ಯಾದ ಜಾವಾ ದ್ವೀಪದ ಪುರ್ವಾಕರ್ತಾಕ್ಕೆ ಬರುವ ನಮ್ಮವರಲ್ಲಿ ಕೆಲವರಿಗೆ ಕಂಪನಿಯ ಕ್ವಾರ್ಟರ್ಸ್ ಸಿಗುತ್ತದೆ. ಸಿಗದವರು ಜಾತಿಲುಹುರ್, ಪ್ಲೆರೆದ್, ವನಾಯಾಸಾ ಕಡೆಯ ಹಳ್ಳಿಗಳಲ್ಲಿ ಮನೆ ಹಿಡಿಯುತ್ತಾರೆ. ಈ ಬರಹ ಅವರಿಗಾಗಿ. ವೀಸಾ, ಸಂಬಳ, ತೆರಿಗೆಯ ವಿಷಯ ಕಂಪನಿಯವರು ಹೇಳುತ್ತಾರೆ. ಹಳ್ಳಿಯಲ್ಲಿ ಬಾಳುವುದು ಹೇಗೆ ಅಂತ ಅವರು ಹೇಳುವುದಿಲ್ಲ. ನಾವು ಬಂದಾಗಲೂ ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ನಮ್ಮ ಬಳಗದಲ್ಲಿ ಈ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ.

ಬಂದ ದಿನವೇ ಮಾಡಬೇಕಾದ್ದು

ಸಾಮಾನು ಇಳಿಸಿದ ಸಂಜೆಯೇ ಗಂಡ ಹೆಂಡತಿ ಇಬ್ಬರೂ ಪಾಕ್ ಎರ್‌ತೆ ಮನೆಗೆ ಹೋಗಿ. ಹತ್ತಾರು ಮನೆಗಳ ಗುಂಪಿಗೆ ‘ಎರ್‌ತೆ’ ಅಂತಾರೆ. ಅಂಥ ಕೆಲವು ಗುಂಪು ಸೇರಿದರೆ ‘ಎರ್‌ವೆ’. ಗುಂಪಿನವರು ತಮ್ಮೊಳಗೇ ಆರಿಸಿದ ಮುಖಂಡರು ಪಾಕ್ ಎರ್‌ತೆ. ಹೆಂಗಸಾದರೆ ಬು ಎರ್‌ತೆ. ಬೀದಿಯ ತುದಿಯಲ್ಲಿ ‘ತಾಮು 1x24 ಜಾಮ್ ಹರಾಪ್ ಲಾಪೊರ್’ ಅಂತ ಬೋರ್ಡು ಇರುತ್ತದೆ. ಹೊರಗಿನಿಂದ ಬಂದವರು ಒಂದು ದಿನದೊಳಗೆ ಬಂದು ತಿಳಿಸಿ ಎಂದರ್ಥ. ಆ ಬೋರ್ಡನ್ನು ನಮ್ಮವರು ಯಾರೂ ಓದುವುದಿಲ್ಲ. ಪಾಸ್‌ಪೋರ್ಟ್, ಕಿತಾಸ್ (ಇಲ್ಲಿ ವಾಸಿಸುವ ಪರವಾನಗಿ), ಮದುವೆಯ ಸರ್ಟಿಫಿಕೇಟ್‌ಗಳ ಜೆರಾಕ್ಸ್ ಒಂದೊಂದು ಕೊಡಿ. ಊರಿಂದ ಅಪ್ಪ, ಅಮ್ಮ, ಅತ್ತೆ, ಮಾವ ಬಂದಾಗಲೂ ಹೀಗೇ ಹೋಗಿ ತಿಳಿಸಬೇಕು.

ಬರಿಗೈಯಲ್ಲಿ ಹೋಗಬೇಡಿ. ನಾನು ಮೈಸೂರ್ ಪಾಕ್ ಒಯ್ದಿದ್ದೆ. ಇಲ್ಲಿ ‘ಪಾಕ್’ ಅಂದರೆ ಗೌರವದಿಂದ ‘ಅಪ್ಪಾವ್ರೇ’ ಅಂದ ಹಾಗೆ. ಹೆಸರು ಕೇಳಿ ಅವರ ಮನೆಯ ಮಕ್ಕಳೆಲ್ಲ ಡಬ್ಬಿಗೆ ಕೈಮುಗಿದು ‘ಪಾಕ್ ಮೈಸೂರ್, ಪಾಕ್ ಮೈಸೂರ್’ ಎಂದು ಕುಣಿದರು. ಆಮೇಲೆ ಆ ಬೀದಿಯಲ್ಲಿ ನಮ್ಮನ್ನು ಹೊಸಬರು ಅಂತ ಯಾರೂ ನೋಡಲಿಲ್ಲ.

ರಾತ್ರಿ ಗಸ್ತಿಗೆ ‘ರೊಂಡಾ’ ಅಂತ ಹೆಸರು. ಗಂಡಸರು ಸರದಿಯಂತೆ ಕಾವಲು ಕಟ್ಟೆಯಲ್ಲಿ ಕೂತು, ಆಗಾಗ ಬೀದಿ ಸುತ್ತಿ ಬರುತ್ತಾರೆ. ಅಪಾಯ ಕಂಡರೆ ಕೆಂತೊಂಗನ್ ಬಡಿಯುತ್ತಾರೆ. ಅದು ಟೊಳ್ಳು ಕೊರೆದ ಬಿದಿರಿನದೋ ಮರದ್ದೋ ಇರುತ್ತದೆ. ಪರದೇಶದವರು ದುಡ್ಡು ಕೊಟ್ಟು ಸರದಿ ತಪ್ಪಿಸಿಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ. ಆದರೂ ಹೋಗಿ ಅಂತಲೇ ನನ್ನ ಮಾತು. ನಮ್ಮ ಯಜಮಾನರು ಎರಡು ತಿಂಗಳು ಬಿಡದೆ ಹೋಗಿ ಕಾಫಿ ಕುಡಿದು, ಕರಿದ ಮರಗೆಣಸು ತಿಂದು ಬರುತ್ತಿದ್ದರು. ಮೂರನೇ ತಿಂಗಳು ಅವರು ನೈಟ್ ಶಿಫ್ಟ್‌ನಲ್ಲಿದ್ದ ರಾತ್ರಿ ಯಾರೋ ನಮ್ಮ ಹಿತ್ತಲ ಗೋಡೆ ಹತ್ತಿದರು. ನಾನು ಕನ್ನಡದಲ್ಲೇ ಕಿರುಚಿದೆ. ‘ಟಕ್ ಟಕ್ ಟಕ್’ ಕೆಂತೊಂಗನ್ ಕೇಳಿಸಿತು. ನಾನು ದೀಪ ಹಾಕಿ ಕಿಟಕಿ ತೆಗೆಯುವಷ್ಟರಲ್ಲಿ ಲುಂಗಿ ಉಟ್ಟ ಆರು ಜನ ಅಂಗಳದಲ್ಲಿದ್ದರು. ಅವರಲ್ಲಿ ಒಬ್ಬರು ಟಾರ್ಚನ್ನು ನನ್ನ ಮುಖಕ್ಕೆ ಬಿಡದೆ ನೆಲಕ್ಕೆ ಹಿಡಿದು ‘ಅಮಾನ್, ಬು’ ಅಂದರು. ಇನ್ನು ಭಯವಿಲ್ಲ, ತಾಯಿ ಅಂತ. ಪೊಲೀಸರಿಗೆ ಫೋನ್ ಮಾಡುವ ಯೋಚನೆ ನನಗೆ ಆಮೇಲೆ ಬಂತು.

ತಿಂಗಳ ವಂತಿಗೆ ತಪ್ಪಿಸಬೇಡಿ. ಭಾನುವಾರದ ‘ಕೆರ್ಜಾ ಬಕ್ತಿ’ಗೆ ಪೊರಕೆ ಹಿಡಿದು ಹೋಗಿ; ಎಲ್ಲರೂ ಸೇರಿ ಮೋರಿ, ರಸ್ತೆ ಚೊಕ್ಕ ಮಾಡುವ ಕೆಲಸ ಅದು. ‘ನಾವು ಇಂಜಿನಿಯರು’ ಎಂದು ಬಾಗಿಲು ಹಾಕಿ ಕೂತವರನ್ನು ನಾನು ಕಂಡಿದ್ದೇನೆ. ನಮ್ಮ ಊರುಗಳಲ್ಲಿ ಜಾತ್ರೆಯ ಹಿಂದಿನ ದಿನ ಎಲ್ಲರೂ ಬೀದಿ ಗುಡಿಸುತ್ತಿರಲಿಲ್ಲವೇ?

ಮನೆ ಬಾಡಿಗೆ

ಇದನ್ನು ನಿಧಾನವಾಗಿ ಓದಿ. ಇಲ್ಲಿ ನಮ್ಮ ಕಡೆಯ ಹಾಗೆ ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುವ ಪದ್ಧತಿ ಕಡಿಮೆ. ಒಂದು ವರ್ಷದ್ದು, ಕೆಲವೊಮ್ಮೆ ಎರಡು ವರ್ಷದ್ದು, ಒಟ್ಟಿಗೇ ಮುಂಗಡ ಕೇಳುತ್ತಾರೆ. ಕೊಟ್ಟಮೇಲೆ ಆ ದುಡ್ಡು ವಾಪಸು ಬರುವುದು ಕಷ್ಟ.

ನಮ್ಮ ಮೊದಲ ಮನೆ ಗದ್ದೆಯ ಅಂಚಿನಲ್ಲಿತ್ತು. ಮುಂದೆ ನುಗ್ಗೆ ಮರ, ಹಿಂದೆ ಹಲಸು. ಊರೇ ನೆನಪಾಯಿತು, ಹೆಚ್ಚು ವಿಚಾರಿಸಲಿಲ್ಲ. ಮನೆ ತೋರಿಸಿದವರ ಕೈಗೇ ವರ್ಷದ ಹಣ ಕೊಟ್ಟು, ಬರೀ ರಸೀದಿ ಇಸಕೊಂಡೆವು. ನಾಲ್ಕು ತಿಂಗಳಿಗೆ ಅವರ ಅಣ್ಣನೆಂದು ಹೇಳಿಕೊಂಡು ಇನ್ನೊಬ್ಬರು ಬಂದರು. ಆ ಜಾಗ ತಂದೆಯ ಹೆಸರಿನಲ್ಲೇ ಇತ್ತು, ಅಣ್ಣತಮ್ಮಂದಿರಲ್ಲಿ ಪಾಲಾಗಿರಲಿಲ್ಲ. ಕೊಟ್ಟ ಹಣ ಖರ್ಚಾಗಿಹೋಗಿತ್ತು. ಮಳೆಗಾಲದ ನಡುವೆ ಅಕ್ಕಿ ಡಬ್ಬ, ದೇವರ ಪಟ, ಗ್ರೈಂಡರು ಎಲ್ಲವನ್ನೂ ಬಾಡಿಗೆ ಪಿಕಪ್‌ಗೆ ಹೇರಿದೆವು. ಪಾಕ್ ಎರ್‌ತೆ ನೆನೆಯುತ್ತಾ ನಿಂತು ಟಾರ್ಪಾಲು ಕಟ್ಟಿಕೊಟ್ಟರು. ‘ಮೊದಲೇ ನನ್ನನ್ನು ಒಂದು ಮಾತು ಕೇಳಬಾರದಿತ್ತೇ, ಬು?’ ಎಂದರು. ಆ ಜಾಗದ ತಕರಾರು ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದವರು ನಾವಿಬ್ಬರೇ.

ಹಾಗಾಗಿ ಹಣ ಕೊಡುವ ಮೊದಲು ಜಾಗದ ಹಕ್ಕುಪತ್ರ ‘ಸೆರ್ತಿಫಿಕಾತ್’ನ ಮೂಲಪ್ರತಿ ನೋಡಿ, ಜೆರಾಕ್ಸ್ ಸಾಲದು. ಅದರಲ್ಲಿರುವ ಹೆಸರೂ ಮನೆಯವರ ಕೆಟಿಪಿ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ಈ ವರ್ಷದ ಪಿಬಿಬಿ, ಅಂದರೆ ಜಾಗ, ಮನೆಯ ತೆರಿಗೆಯ ರಸೀದಿ ಕೇಳಿ. ಬರೀ ‘ಗಿರಿಕ್’ ತೋರಿಸಿದರೆ ಅದು ಹಳೆಯ ಕಂದಾಯದ ಚೀಟಿ, ಹಕ್ಕುಪತ್ರವಲ್ಲ. ತಂದೆ ತೀರಿಕೊಂಡಿದ್ದರೆ ಎಲ್ಲ ವಾರಸುದಾರರ ಸಹಿ ಬೇಕು. ಕರಾರಿಗೆ 10,000 ರೂಪಿಯಾದ ‘ಮೇತೆರಾಯ್’ ಸ್ಟಾಂಪು ಹಚ್ಚಿ, ಅದರ ಮೇಲೇ ಹಾಯುವಂತೆ ಸಹಿ ಹಾಕಿಸಿ. ಸಾಕ್ಷಿಗೆ ಪಾಕ್ ಎರ್‌ತೆ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಬಾವಿ ನೀರು ಆಗಸ್ಟ್, ಸೆಪ್ಟೆಂಬರ್‌ನ ಒಣಗಾಲದಲ್ಲೂ ಇರುತ್ತದೆಯೇ ಎಂದು ಪಕ್ಕದ ಮನೆಯವರನ್ನು ಕೇಳಿ, ಮಾಲೀಕರನ್ನಲ್ಲ.

ಸೈಟು ಕೊಳ್ಳುವ ಆಸೆ

ನಮ್ಮವರಿಗೆ ಎರಡು ವರ್ಷ ಕಳೆಯುವುದೇ ತಡ, ಸೈಟಿನ ಯೋಚನೆ ಶುರುವಾಗುತ್ತದೆ. ‘ಡ್ರೈವರ್ ಹೆಸರಲ್ಲಿ ತಗೊಂಡ್ರಾಯ್ತು’ ಎಂದು ಸಲಹೆ ಕೊಡುವವರೂ ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಇಲ್ಲಿಯ 1960ರ 5ನೇ ಭೂ ಕಾಯ್ದೆಯ ಪ್ರಕಾರ ಪೂರ್ಣ ಒಡೆತನ, ಅಂದರೆ ‘ಹಕ್ ಮಿಲಿಕ್’, ಇಂಡೊನೇಷ್ಯಾದ ಪ್ರಜೆಗಳಿಗೆ ಮಾತ್ರ. ಬೇರೆಯವರ ಹೆಸರಿನಲ್ಲಿ ಬೇನಾಮಿ ಕೊಂಡದ್ದು ಗೊತ್ತಾದರೆ ವ್ಯವಹಾರವೇ ರದ್ದು. ಜಮೀನು ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ಕೇಳಲೂ ಬರುವುದಿಲ್ಲ. ಪರದೇಶದವರಿಗೆ ಇರುವ ದಾರಿ ‘ಹಕ್ ಪಕೈ’, ಬಳಕೆಯ ಹಕ್ಕು. 2021ರ ನಿಯಮದಲ್ಲಿ ಅದು ಮೊದಲು 30 ವರ್ಷ, ಮುಂದುವರಿಕೆ 20, ನವೀಕರಣ 30. ಅದಕ್ಕೂ ಸರಿಯಾದ ವಲಸೆ ದಾಖಲೆ ಬೇಕು, ಕರಾರು ಜಮೀನಿನ ಪತ್ರ ಮಾಡಿಕೊಡುವ ಪಿಪಿಎಟಿ ಅಧಿಕಾರಿಯ ಮುಂದೆಯೇ ಆಗಬೇಕು. ಇಲ್ಲಿಯವರನ್ನು ಮದುವೆಯಾದ ನಮ್ಮ ಮಕ್ಕಳು ಆಸ್ತಿ ಪ್ರತ್ಯೇಕವೆಂಬ ಕರಾರನ್ನು ನೋಟರಿಯಲ್ಲಿ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಹೆಂಡತಿಯ ಇಲ್ಲವೇ ಗಂಡನ ಹಕ್ ಮಿಲಿಕ್‌ಗೂ ತೊಡಕಾಗುತ್ತದೆ.

ಭೂಕಂಪ

2022ರ ನವೆಂಬರ್ 21, ಸೋಮವಾರ ಮಧ್ಯಾಹ್ನ 1 ಗಂಟೆ 21 ನಿಮಿಷ. ನಮ್ಮ ಪಕ್ಕದ ಜಿಲ್ಲೆ ಚಿಯಾಂಜುರ್‌ನಲ್ಲಿ 5.6 ತೀವ್ರತೆಯ ಭೂಕಂಪವಾಗಿ 300ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಎಷ್ಟೋ ಮಕ್ಕಳು. ನಾನು ದೋಸೆಗೆ ರುಬ್ಬುತ್ತಿದ್ದೆ. ಗ್ರೈಂಡರೇ ಅಲುಗುತ್ತಿದೆ ಎಂದುಕೊಂಡು ಸ್ವಿಚ್ ಆರಿಸಿದೆ. ಕಲ್ಲು ನಿಂತಮೇಲೂ ಹಿಟ್ಟು ಪಾತ್ರೆಯ ಅಂಚಿಗೆ ತುಳುಕುತ್ತಿತ್ತು. ಬರಿಗಾಲಲ್ಲಿ ಹೊರಗೆ ಓಡಿದೆ. ಚಿಯಾಂಜುರ್‌ನಲ್ಲಿ ಬಿದ್ದವುಗಳಲ್ಲಿ ಹೆಚ್ಚಿನವು ಸರಿಯಾದ ಕಂಬ, ತೊಲೆ ಇಲ್ಲದ ಇಟ್ಟಿಗೆ ಗೋಡೆಯ ಮನೆಗಳು. ಮನೆ ನೋಡುವಾಗ ನಾಲ್ಕು ಮೂಲೆಗೂ ಕಾಂಕ್ರೀಟ್ ಕಂಬ ಇದೆಯೇ, ಗೋಡೆಯ ಮೇಲೆ ಸುತ್ತಲೂ ತೊಲೆ ಕಟ್ಟಿದ್ದಾರೆಯೇ ನೋಡಿ. ಮಂಚದ ತಲೆದೆಸೆಯಲ್ಲಿ ಬೀರು ಬೇಡ. ಅಟ್ಟದ ಮೇಲೆ ತಾಮ್ರದ ಹಂಡೆ ಇಡಬೇಡಿ. ದೇವರ ದೀಪ ಉರಿಯುವಾಗ ಮನೆ ಬಿಟ್ಟು ಹೋಗಬೇಡಿ. ಹವಾಮಾನ ಇಲಾಖೆ ಬಿಎಂಕೆಜಿಯ ಆ್ಯಪ್ ಫೋನಿನಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ನಾಳೆ ಭೂಕಂಪ’ದ ಸುದ್ದಿ ನಂಬಬೇಡಿ, ಕಳಿಸಲೂ ಬೇಡಿ.

ಡೆಂಗಿ

ಇಲ್ಲಿ ಇದಕ್ಕೆ ‘ದೆಮಾಮ್ ಬರ್ದರಾ’, ರಕ್ತದ ಜ್ವರ ಅಂತಾರೆ. ನನ್ನ ಮಗಳಿಗೆ ಎರಡನೇ ಮಳೆಗಾಲದಲ್ಲಿ ಬಂತು. ತೋರಿಸಿದ ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಮಾಡದೆ ವೈರಲ್ ಜ್ವರ ಎಂದು ಕಳಿಸಿದರು. ನಾಲ್ಕನೇ ದಿನ ಜ್ವರ ಇಳಿಯಿತು. ವಾಸಿಯಾಯಿತೆಂದು ಗಂಜಿ ಕುಡಿಸಿ ಸ್ಕೂಲಿಗೆ ಕಳಿಸಿದೆ. ಹನ್ನೊಂದು ಗಂಟೆಗೆ ಮಗು ಕುಸಿದುಬಿದ್ದಿದೆ ಎಂದು ಫೋನ್ ಬಂತು. ಕೈಕಾಲು ಮಂಜುಗಡ್ಡೆ. ಆರು ದಿನ ಆಸ್ಪತ್ರೆಯಲ್ಲಿದ್ದೆವು. ದೇವರ ದಯೆ, ಉಳಿದಳು.

ತಾಯಂದಿರೇ, ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಿನ ಕೈಕಾಲು ಕಂಡರೆ ನೇರ ದೊಡ್ಡಾಸ್ಪತ್ರೆಯ ‘ಇಗೆದೆ’ಗೆ ಓಡಿ, ತುರ್ತು ವಿಭಾಗಕ್ಕೆ ಇಲ್ಲಿ ಅದೇ ಹೆಸರು. ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಬಚ್ಚಲಿನ ಟೈಲ್ಸ್ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಬಸಿದು ಉಜ್ಜಿ. ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ನೀರು ಹೋದೀತೆಂದು ಬಕೆಟ್ಟು, ಕೊಡ, ಡ್ರಮ್ಮು ತುಂಬಿಸಿ ತೆರೆದಿಡುವ ನಮ್ಮ ಅಭ್ಯಾಸವನ್ನು ಇವತ್ತೇ ಬಿಡಿ.

ಓಡಾಟ

ಗಾಡಿ ಎಡಗಡೆಯೇ, ನಮ್ಮ ಹಾಗೇ. ಆ ಧೈರ್ಯದಿಂದಲೇ ನಮ್ಮ ಹುಡುಗರು ಲೈಸೆನ್ಸ್ ಇಲ್ಲದೆ ಬೈಕ್ ಓಡಿಸುತ್ತಾರೆ. ಲೈಸೆನ್ಸಿಗೆ ಇಲ್ಲಿ ‘ಸಿಮ್’ ಅಂತಾರೆ; ಬೈಕಿಗೆ ‘ಸಿಮ್ ಸಿ’, ಕಾರಿಗೆ ‘ಸಿಮ್ ಎ’ ಮಾಡಿಸಿಕೊಳ್ಳಿ. ಲೈಸೆನ್ಸ್ ಇಲ್ಲದೆ ಅಪಘಾತವಾದರೆ ವಿಮೆ ಬರುವುದು ಕಷ್ಟ.

ಚಿಪುಲಾರಂಗ್ ಟೋಲ್ ರಸ್ತೆ 2005ರಲ್ಲಿ ತೆರೆಯಿತು. ಅದರ 90ರಿಂದ 100ನೇ ಕಿಲೋಮೀಟರ್ ನಡುವೆ, ಜಕಾರ್ತಾ ಕಡೆಗೆ ಬರುವಾಗ ಉದ್ದನೆಯ ಇಳಿಜಾರು. 2019ರ ಸೆಪ್ಟೆಂಬರ್‌ನಲ್ಲಿ 91ನೇ ಕಿಲೋಮೀಟರಿನ ಸರಣಿ ಅಪಘಾತದಲ್ಲಿ 8 ಜನ ಸತ್ತರು. ಅಲ್ಲಿ ಲಾರಿಯ ಮುಂದೆಯೂ ಇರಬೇಡಿ, ಹಿಂದೆಯೂ ಇರಬೇಡಿ. ಮಳೆ ಬಂದರೆ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ.

ಜಕಾರ್ತಾಕ್ಕೆ ರೈಲೇ ಸುಖ. ಪುರ್ವಾಕರ್ತಾದಿಂದ ಚಿಕಾರಂಗ್‌ವರೆಗೆ ವಲಾಹಾರ್ ಲೋಕಲ್, ಅಲ್ಲಿಂದ ಸಿಟಿ ಲೋಕಲ್. ಬಾಂಡುಂಗ್ ಕಡೆ ಹೋದರೆ 949 ಮೀಟರಿನ ಸಸಕ್‌ಸಾತ್ ಸುರಂಗ ಬರುತ್ತದೆ, ಮಕ್ಕಳಿಗೆ ಕಿಟಕಿ ಬಿಟ್ಟುಕೊಡಿ. ಜಾತಿಲುಹುರ್ ಅಣೆಕಟ್ಟು ಕಂಡರೆ ಕನ್ನಂಬಾಡಿ ನೆನಪಾಗುತ್ತದೆ. ದೋಣಿ ಹತ್ತಿದರೆ ಲೈಫ್ ಜಾಕೆಟ್ ಕಡ್ಡಾಯವಾಗಿ ಹಾಕಿ, ಕೆರೆಯೆಂದು ಈಜಲು ಇಳಿಯಬೇಡಿ.

ರಂಜಾನ್ ಹಬ್ಬಕ್ಕೆ ಇಡೀ ಜಾವಾ ಊರಿಗೆ ಹೊರಡುತ್ತದೆ. ಆ ವಾರ ರಸ್ತೆ ಪ್ರಯಾಣ ಬೇಡ. ವಿಮಾನ ಹಿಡಿಯಲೇಬೇಕಿದ್ದರೆ ಹಿಂದಿನ ದಿನವೇ ಹೊರಡಿ.

ನೆರೆಹೊರೆ, ಊಟ

ರಂಜಾನ್ ತಿಂಗಳಲ್ಲಿ ಬೆಳಗಿನ ಜಾವ ಮೂರಕ್ಕೆ ಹುಡುಗರು ತಮಟೆ ಬಡಿದು ಎಬ್ಬಿಸುತ್ತಾರೆ. ದೂರು ಹೇಳಲು ಹೋಗಬೇಡಿ. ಹಗಲು ಬೀದಿಯಲ್ಲಿ ತಿನ್ನುತ್ತಾ ನಡೆಯಬೇಡಿ. ಹಬ್ಬಕ್ಕೆ ವಾರ ಮೊದಲೇ ಮನೆಕೆಲಸದವರಿಗೆ ಒಂದು ತಿಂಗಳ ಸಂಬಳದಷ್ಟು ‘ತೆಹಾಎರ್’, ಅಂದರೆ ಹಬ್ಬದ ಬೋನಸ್, ಕೊಡುವುದು ರೂಢಿ. ಚೌಕಾಸಿ ಮಾಡಿ ನಮ್ಮವರ ಹೆಸರು ಕೆಡಿಸಬೇಡಿ. ಬಕ್ರೀದ್ ದಿನ ಪ್ರೀತಿಯಿಂದ ಮಾಂಸದ ಪೊಟ್ಟಣ ತಂದುಕೊಡುತ್ತಾರೆ. ತಿನ್ನದವರು ಒಂದು ವಾರ ಮೊದಲೇ ಪಾಕ್ ಎರ್‌ತೆಗೆ ಹೇಳಿ, ಬಾಗಿಲಲ್ಲಿ ಮುಖ ಸಿಂಡರಿಸಬೇಡಿ. ಬೀದಿಯಲ್ಲಿ ಹಳದಿ ಬಾವುಟ ಕಂಡರೆ ಯಾರೋ ತೀರಿಕೊಂಡಿದ್ದಾರೆ. ಲಕೋಟೆಯಲ್ಲಿ ಕೈಲಾದಷ್ಟು ಇಟ್ಟು ಹೋಗಿ ಬನ್ನಿ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದರೆ ಸಾಲದು, ಚಟ್ನಿಯಲ್ಲೂ ಸಿಗಡಿ ಇರುತ್ತದೆ. ‘ತನ್ಪಾ ತೆರಾಸಿ, ತನ್ಪಾ ಇಕಾನ್, ತನ್ಪಾ ಕಲ್ದು’ ಅನ್ನಿ: ಸಿಗಡಿ, ಮೀನು, ಮಾಂಸದ ಸಾರು ಇಲ್ಲದೆ. ಹುಣಸೆ, ಬೆಲ್ಲ, ತೆಂಗು, ನುಗ್ಗೆಸೊಪ್ಪು, ಹೆಸರುಕಾಳು ಸಂತೆಯಲ್ಲೇ ಸಿಗುತ್ತವೆ. ತೊಗರಿಬೇಳೆಗೆ ಜಕಾರ್ತಾದ ಪಸಾರ್ ಬರು. ರಾಗಿ ಹಿಟ್ಟು ಊರಿಂದಲೇ ತನ್ನಿ.

ಚಿಕ್ಕಪುಟ್ಟವು

ಸಿಂಗಪುರದ ಮೇಲೆ ಬರುವವರು ಗಸಗಸೆ ತರಬೇಡಿ, ಅಲ್ಲಿ ನಿಷಿದ್ಧ.
ಕರಿಬೇವಿನ ಗಿಡ ತರಬೇಡಿ, ಏರ್‌ಪೋರ್ಟ್‌ನಲ್ಲೇ ಕಿತ್ತುಕೊಳ್ಳುತ್ತಾರೆ.
ಊರಿಂದ ತಂದ ಫೋನಿನ ಐಎಂಇಐ ಅನ್ನು ಬಂದಿಳಿದಾಗಲೇ ಕಸ್ಟಮ್ಸ್‌ನಲ್ಲಿ ನೋಂದಾಯಿಸಿ.
ಹಸಿರು 3 ಕಿಲೋ ಗ್ಯಾಸ್ ಬಡವರ ಸಬ್ಸಿಡಿಯದು, ಮುಟ್ಟಬೇಡಿ. 5.5 ಇಲ್ಲವೇ 12 ಕಿಲೋದು ಕೊಳ್ಳಿ.
ಕರೆಂಟ್ ಮೀಟರ್ ಕೀ ಕೀ ಎಂದರೆ ಮುಂಗಡ ದುಡ್ಡಿನ ಟೋಕನ್ ಮುಗಿಯುತ್ತಿದೆ. ಹೊಸ ಟೋಕನ್ ಕೊಂಡು ಅದರ 20 ಅಂಕಿ ಒತ್ತಬೇಕು.
ವೀಸಾ ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರೂಪಿಯಾ ದಂಡ.
ಗದ್ದೆ ಬದುವಿನಲ್ಲಿ ರಾತ್ರಿ ಟಾರ್ಚ್ ಇಲ್ಲದೆ ನಡೆಯಬೇಡಿ, ನಾಗರಹಾವಿದೆ.
ಪೊಲೀಸ್ 110, ಆಂಬುಲೆನ್ಸ್ 119, ಬೆಂಕಿ 113.
‘ದೇಸಾ’ ಹಳ್ಳಿ, ‘ಸುಆಮಿ’ ಗಂಡ, ‘ಇಸ್ತ್ರಿ’ ಹೆಂಡತಿ, ‘ಬಹಾಯಾ’ ಅಪಾಯ, ‘ಪುಂತೆನ್’ ಅಂದರೆ ದಾಟಿ ಹೋಗುವಾಗ ಕೇಳುವ ಅಪ್ಪಣೆ. ಕೊನೆಯದನ್ನು ಮಕ್ಕಳಿಗೆ ಮೊದಲು ಕಲಿಸಿ.

ರಾಜ್ಯೋತ್ಸವಕ್ಕೆ ನಮ್ಮ ಬಳಗದಿಂದ ಜಕಾರ್ತಾಕ್ಕೆ ವ್ಯಾನ್ ಹೋಗುತ್ತದೆ. ಸೀಟು ಬೇಕಾದವರು ಅಕ್ಟೋಬರ್ 15ರೊಳಗೆ ತಿಳಿಸಿ. ಮಕ್ಕಳ ಹಾಡು, ನೃತ್ಯ ಇದ್ದರೆ ಅದನ್ನೂ ಬರೆಸಿ. ಮನೆ ಬೀಗ ಹಾಕಿ ಹೊರಡುವ ಮುಂಚೆ ಪಾಕ್ ಎರ್‌ತೆಗೆ ಎಷ್ಟು ಹೊತ್ತಿಗೆ ವಾಪಸು ಬರುತ್ತೀರಿ ಎಂದು ಹೇಳಿ ಬನ್ನಿ.