ತೋಟದ ಉಗಿ ಎಂಜಿನ್ನಿಗೆ ಮತ್ತೆ ಉಗಿ ಏರಿಸಿದ ಬಗೆ

ರೈಲು ನಿಲ್ದಾಣದ ಮುಂದೆಯೋ ಕಚೇರಿಯ ಅಂಗಳದಲ್ಲೋ ಕಟ್ಟೆಯ ಮೇಲೆ ನಿಲ್ಲಿಸಿದ ಉಗಿ ಎಂಜಿನ್ ಕಂಡರೆ ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಬಗ್ಗಿ ಚಿಮಣಿಯ ಕೆಳಗಿನ ಹೊಗೆ ಪೆಟ್ಟಿಗೆಯ, ಅಂದರೆ ಸ್ಮೋಕ್‌ಬಾಕ್ಸಿನ ತಳ ನೋಡುತ್ತೇನೆ. ಕೊನೆಯ ಸಲ ಬೆಂಕಿ ಆರಿಸಿದವರು ಬೂದಿ ತೆಗೆಯದೆ ಹೋಗಿದ್ದರೆ, ಚಿಮಣಿಯಿಂದ ಇಳಿದ ಮಳೆನೀರು ಅದನ್ನು ನೆನೆಸಿ, ಕಲ್ಲಿದ್ದಲಿನಲ್ಲಿದ್ದ ಗಂಧಕ ಆಮ್ಲವಾಗಿ ತಗಡನ್ನು ತಿಂದಿರುತ್ತದೆ. ಹೊರಗೆ ವರ್ಷವರ್ಷವೂ ಹೊಸ ಕಪ್ಪು ಬಣ್ಣ, ಒಳಗೆ ಬೆರಳು ತೂರುವಷ್ಟು ತೂತು. ಓಡುತ್ತಿದ್ದ ಕಾಲದಲ್ಲಿ ಸವೆದ ಎಂಜಿನ್ನುಗಳಿಗಿಂತ ನಿಂತಲ್ಲೇ ಹಾಳಾದ ಎಂಜಿನ್ನುಗಳನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ.

ನಾನು ಕೆಲಸ ಕಲಿತದ್ದು 1980ರ ದಶಕದಲ್ಲಿ, ಅರಸೀಕೆರೆಯ ಲೋಕೋ ಶೆಡ್ಡಿನಲ್ಲಿ. ಆಗ ನಮ್ಮದು ಮೀಟರ್ ಗೇಜ್, ಹಳಿಗಳ ನಡುವೆ ಒಂದೇ ಮೀಟರ್ ಅಂತರ. ಪ್ಯಾಸೆಂಜರ್ ಗಾಡಿಗೆ ವೈಪಿ ಎಂಜಿನ್, ಗೂಡ್ಸ್‌ಗೆ ವೈಜಿ. ಖಲಾಸಿಯಾಗಿ ಸೇರಿದವನನ್ನು ಬಾಯ್ಲರ್ ಮೇಕರ್ ತಂಡಕ್ಕೆ ಹಾಕಿದರು. ತಂಡದಲ್ಲಿ ಮೈ ಸಣ್ಣಗಿದ್ದವನು ನಾನೊಬ್ಬನೇ, ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸಿನ ಬಾಗಿಲಿನೊಳಗೆ ಸುಲಭವಾಗಿ ತೂರುತ್ತಿದ್ದೆ ಎನ್ನುವುದಷ್ಟೇ ಅದಕ್ಕೆ ಕಾರಣ. ಡೀಸೆಲ್ ಬಂದ ಮೇಲೆ ಈ ವಿದ್ಯೆಯನ್ನು ಕೇಳುವವರೇ ಇರಲಿಲ್ಲ. ನಿವೃತ್ತನಾಗಿ ಊರಲ್ಲಿದ್ದಾಗ ಸಕಲೇಶಪುರದ ಆಚೆಯ ಒಂದು ಕಾಫಿ ತೋಟದಿಂದ ಕರೆ ಬಂತು. ತಾತನ ಕಾಲದ ಉಗಿ ಎಂಜಿನ್ ಇದೆ, ಓಡಿಸಲು ಆಗುತ್ತದೆಯೇ ನೋಡಬೇಕು ಎಂದರು.

ಕಣದ ಹಿಂದಿನ ಜಿಂಕ್ ಶೀಟಿನ ಕೊಟ್ಟಿಗೆಯಲ್ಲಿ ಅದು ನಿಂತಿತ್ತು. ಇಂಗ್ಲೆಂಡಿನ ಗೇನ್ಸ್‌ಬರೋದಲ್ಲಿ ಮಾರ್ಷಲ್ ಕಂಪನಿ ಮಾಡಿದ್ದು. ಹಿತ್ತಾಳೆಯ ಫಲಕ ಇನ್ನೂ ಉಳಿದಿತ್ತು. ನಾಲ್ಕು ಚಕ್ರದ ಮೇಲೆ ಬಾಯ್ಲರ್, ಬಾಯ್ಲರಿನ ಬೆನ್ನ ಮೇಲೆ ಒಂದೇ ಸಿಲಿಂಡರಿನ ಎಂಜಿನ್, ಪಕ್ಕದಲ್ಲಿ ದೊಡ್ಡ ಫ್ಲೈವೀಲ್. ತಾನೇ ಓಡುವಂಥದ್ದಲ್ಲ; ಎತ್ತು ಕಟ್ಟಿ ಬೇಕಾದಲ್ಲಿಗೆ ಎಳೆದೊಯ್ದು, ಬೆಲ್ಟ್ ಹಾಕಿ ಕಾಫಿ ಹಣ್ಣು ಸುಲಿಯುವ ಪಲ್ಪರನ್ನೋ ಗರಗಸವನ್ನೋ ತಿರುಗಿಸುವಂಥದ್ದು. ಆದರೆ ಬಾಯ್ಲರ್ ಮಾತ್ರ ರೈಲಿನ ಎಂಜಿನ್ನಿನ ಜಾತಿಯದೇ. ಹಿಂದೆ ಫೈರ್‌ಬಾಕ್ಸ್, ನಡುವೆ ಹೊಗೆ ಹಾಯುವ ಟ್ಯೂಬುಗಳು, ಮುಂದೆ ಸ್ಮೋಕ್‌ಬಾಕ್ಸ್. ವೈಪಿಯ ಬಾಯ್ಲರ್ ಚದರ ಅಂಗುಲಕ್ಕೆ 210 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತಿತ್ತು. ಇದರದು ಹೊಸದಾಗಿದ್ದಾಗ 100 ಪೌಂಡ್. ಅಳತೆ ಚಿಕ್ಕದು, ಕಾಯಿಲೆಗಳೆಲ್ಲ ಅವೇ.

ತೋಟದ ಗೌಡರು ಮೊದಲ ದಿನವೇ ಸೌದೆ ಒಟ್ಟಿಸಿಟ್ಟಿದ್ದರು. "ಮೇಸ್ತ್ರಿಗಳೇ, ನೀರು ತುಂಬಿ ಸ್ವಲ್ಪವೇ ಉರಿ ಹಾಕಿ ನೋಡೋಣ. ಎಲ್ಲಿ ಸೋರುತ್ತದೆಯೋ ಗೊತ್ತಾಗುತ್ತದಲ್ಲ?" ಎಂದರು.

"ಗೌಡರೇ, ಗೊತ್ತಾಗುವ ಹೊತ್ತಿಗೆ ನಾವಿಬ್ಬರೂ ಇಲ್ಲಿರುವುದಿಲ್ಲ" ಎಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಯ್ಲರ್ ಸಿಡಿದಾಗ ಕೊಲ್ಲುವುದು ಮೇಲಿನ ಉಗಿಯೊಂದೇ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹೆಚ್ಚಿನ ಶಕ್ತಿ ಇರುವುದು ಕೆಳಗಿನ ನೀರಿನಲ್ಲಿ. 100 ಪೌಂಡ್ ಒತ್ತಡದಲ್ಲಿ ಆ ನೀರು ಸುಮಾರು 170 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಒತ್ತಡವೊಂದೇ ಅದನ್ನು ನೀರಾಗಿ ಹಿಡಿದಿಟ್ಟಿರುತ್ತದೆ. ತಗಡು ಹರಿದು ಒತ್ತಡ ಬಿಟ್ಟುಹೋದ ಕೂಡಲೇ ಅದರಲ್ಲೊಂದು ಪಾಲು ಆ ಕ್ಷಣಕ್ಕೇ ಉಗಿಯಾಗುತ್ತದೆ, ಉಗಿಯಾದದ್ದು ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಹಾಗಾಗಿ ಹಳೆಯ ಬಾಯ್ಲರನ್ನು ಬೆಂಕಿಯಿಂದ ಪರೀಕ್ಷಿಸಬಾರದು, ಕಂಪ್ರೆಸರ್ ಗಾಳಿಯಿಂದಲೂ ಪರೀಕ್ಷಿಸಬಾರದು. ತಣ್ಣೀರು ತುಂಬಿ, ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಕೈಪಂಪಿನಿಂದ ಒತ್ತಡ ಏರಿಸಬೇಕು. ನೀರು ಕುಗ್ಗುವುದಿಲ್ಲ, ಬಿರುಕು ಬಿಟ್ಟರೆ ಒಂದು ಹನಿ ಜಿನುಗಿ ಒತ್ತಡ ಇಳಿದುಬಿಡುತ್ತದೆ, ಅಷ್ಟೇ. ಆ ಪರೀಕ್ಷೆ ಕೂಡ ಕೊನೆಗೆ. ಅದಕ್ಕೂ ಮೊದಲು ಒಳಗೆ ಏನಿದೆ ಎಂದು ನೋಡಬೇಕು.

ಎರಡನೆಯ ಜಗಳ ಬಣ್ಣದ್ದು. ಗೌಡರ ಮಗ ಬೆಂಗಳೂರಿನಿಂದ ಬಂದಿದ್ದವನು ಗ್ರೈಂಡರ್ ಹಿಡಿದು ತುಕ್ಕು ಕೆರೆಯಲು ಹೊರಟಿದ್ದ. ಅವನ ಕೈಯಿಂದ ಅದನ್ನು ಕಿತ್ತುಕೊಂಡೆ. ನೋಂದಣಿಯಾದ ಬಾಯ್ಲರಿಗೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಬಾಯ್ಲರಿನ ಮೇಲೆ ಅಳಿಸದಂತೆ ಒತ್ತಿರಬೇಕು ಎಂಬುದು 1923ರ ಭಾರತೀಯ ಬಾಯ್ಲರುಗಳ ಕಾಯ್ದೆಯ ಕಾಲದಿಂದ ಬಂದ ನಿಯಮ. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ, ಆದರೆ ಹಳೆಯ ಬಾಯ್ಲರಿನ ಗುರುತು ಆ ಸಂಖ್ಯೆಯೇ. ಗ್ರೈಂಡರ್ ಒಮ್ಮೆ ಹಾಯಿಸಿದರೆ ಅದು ಅನಾಥ. ಸೀಮೆಎಣ್ಣೆ, ತಂತಿ ಬ್ರಷ್, ತಾಳ್ಮೆ ಮೂರನ್ನೂ ಸುರಿದ ಮೇಲೆ ಫೈರ್‌ಬಾಕ್ಸಿನ ಹೊರತಗಡಿನ ಮೇಲೆ ಅಕ್ಷರಗಳು ಕಂಡವು. ಹುಡುಗನೇ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡ. ಬಾಯ್ಲರ್ ಇಲಾಖೆಯ ಕಾಗದಪತ್ರದ ಕೆಲಸವನ್ನು ಅವನಿಗೇ ವಹಿಸಿದೆ. ನನಗಿಂತ ಚೆನ್ನಾಗಿ ಮಾಡಿದ.

ಟ್ಯೂಬುಗಳನ್ನು ಒಂದೊಂದಾಗಿ ಕತ್ತರಿಸಿ ಹೊರಗೆಳೆದೆವು. ಅವನ್ನು ಉಳಿಸಿಕೊಳ್ಳುವ ಆಸೆ ನನಗೆ ಮೊದಲಿನಿಂದಲೂ ಇರಲಿಲ್ಲ. ಟ್ಯೂಬ್ ಎನ್ನುವುದು ಬದಲಿಸುವುದಕ್ಕೆಂದೇ ಇರುವ ಭಾಗ. ಅವು ಹೋದರೆ ಬಾಯ್ಲರಿನ ನಡುವಿನ ಉರುಟು ಭಾಗವಾದ ಬ್ಯಾರಲ್ಲಿನ ಒಳಗೆ ದೀಪ ಬಿಟ್ಟು ನೋಡಲು ದಾರಿಯಾಗುತ್ತದೆ. ನೀರಿನಿಂದ ಒಳಗೆ ಕಟ್ಟಿದ ಗಟ್ಟಿ ಪದರವನ್ನು, ಅಂದರೆ ಗಾರೆಯನ್ನು ಕೆರೆದು ತೆಗೆದು ಸುತ್ತಿಗೆ ಹಿಡಿದು ಕೂತೆ. ಚಿಕ್ಕ ಸುತ್ತಿಗೆಯಿಂದ ತಗಡನ್ನೂ ತಗಡುಗಳನ್ನು ಹಿಡಿದಿಡುವ ಸ್ಟೇ ಸರಳುಗಳನ್ನೂ ತಟ್ಟುತ್ತ ಹೋಗಬೇಕು. ಗಟ್ಟಿಯಾಗಿದ್ದರೆ ಸುತ್ತಿಗೆ ಕೈಗೆ ಮರಳಿ ನೆಗೆಯುತ್ತದೆ, ನಾದ ಬರುತ್ತದೆ. ತೆಳುವಾದ ಕಡೆ ಸುತ್ತಿಗೆ ಸತ್ತಂತೆ ಬೀಳುತ್ತದೆ. ಇದನ್ನು ಓದಿ ಕಲಿಯಲಾಗುವುದಿಲ್ಲ. ಆದರೆ ನನ್ನ ಕಿವಿಯನ್ನೇ ನಂಬಿ ಎಂದು ಹೇಳುವಷ್ಟು ಅಹಂಕಾರವೂ ನನಗಿಲ್ಲ. ತಗಡಿನ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಬರೆದು, ಅಲ್ಟ್ರಾಸಾನಿಕ್ ಉಪಕರಣದವರನ್ನು ಕರೆಸಿ, ಚೌಕಕ್ಕೊಂದರಂತೆ ದಪ್ಪ ಅಳೆಸಿದೆ. ಶೆಡ್ಡಿನಲ್ಲಿ ನಮಗೆ ಇಂಥ ಉಪಕರಣ ಇರಲಿಲ್ಲ. ಇದ್ದಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಬ್ಯಾರಲ್ಲಿನ ಪಕ್ಕಗಳೂ ಮೇಲ್ಭಾಗವೂ ಚೆನ್ನಾಗಿದ್ದವು. ತೆಳುವಾಗಿದ್ದದ್ದು ನಾನು ಎಣಿಸಿದ್ದ ಜಾಗದಲ್ಲೇ: ಫೈರ್‌ಬಾಕ್ಸಿನ ಕೆಳಗೆ, ಒಳತಗಡು ಹೊರತಗಡು ಎರಡನ್ನೂ ಸೇರಿಸುವ ಉಂಗುರದ ಸ್ವಲ್ಪ ಮೇಲೆ. ಬಾಯ್ಲರಿನ ಕೆಸರೆಲ್ಲ ಇಳಿದು ಕೂರುವುದು ಅಲ್ಲಿಯೇ. ವಾಷೌಟ್ ಪ್ಲಗ್ಗುಗಳನ್ನು ಬಿಚ್ಚಿ, ನೀರನ್ನು ಜೋರಾಗಿ ಹಾಯಿಸಿ, ಸರಳಿನಿಂದ ಕೆದಕಿ ತೆಗೆಯದಿದ್ದರೆ ಅದು ಕಲ್ಲಾಗುತ್ತದೆ. ಶೆಡ್ಡಿನಲ್ಲಿ ಪ್ರತಿ ಎಂಜಿನ್ನಿಗೂ ವಾಷೌಟ್ ದಿನ ಎಂದು ಹಲಗೆಯ ಮೇಲೆ ಬರೆದಿರುತ್ತಿತ್ತು. ಯಾವ ಮೇಲ್ ಗಾಡಿ ಕಾಯುತ್ತಿದ್ದರೂ ಆ ದಿನ ತಪ್ಪುತ್ತಿರಲಿಲ್ಲ. ತೋಟದಲ್ಲಿ ಆ ಶಿಸ್ತು ಇರಲಿಲ್ಲವೆಂದು ತಗಡೇ ಹೇಳುತ್ತಿತ್ತು. ಪ್ಲಗ್ಗುಗಳು ಬಿಚ್ಚದೆ ತುಕ್ಕು ಹಿಡಿದಿದ್ದವು.

ತೆಳುವಾದ ಪಟ್ಟಿಯನ್ನು ಕತ್ತರಿಸಿ ಹೊಸ ಬಾಯ್ಲರ್ ತಗಡನ್ನು ಕೂರಿಸಬೇಕಾಯಿತು. ನಕ್ಷೆ ಬರೆಸಿ ಇಲಾಖೆಯ ಒಪ್ಪಿಗೆ ಪಡೆದ ಮೇಲೆಯೇ ಕೈಹಾಕಿದ್ದು. ಬೆಸುಗೆಗೆ ಊರಿನ ಗೇಟು ಗ್ರಿಲ್ಲಿನ ವೆಲ್ಡರ್ ಸಾಲದು. 1950ರ ಬಾಯ್ಲರ್ ನಿಯಮಾವಳಿಯ ಪ್ರಕಾರ ಪರೀಕ್ಷೆ ಪಾಸಾದ ವೆಲ್ಡರೇ ಬೇಕು. ಖರ್ಚಿನ ದೊಡ್ಡ ಪಾಲು ಇಲ್ಲಿಗೇ ಹೋಯಿತು. ಅಷ್ಟು ಹಣ ಸುರಿದ ಕೆಲಸ ಹೊರಗಿನಿಂದ ನೋಡಿದರೆ ಕಾಣಿಸುವುದೇ ಇಲ್ಲ ಎಂಬ ಗೌಡರ ದುಃಖ ನನಗೆ ಅರ್ಥವಾಗುತ್ತಿತ್ತು.

ಸ್ಟೇ ಎಂದರೆ ಒಳತಗಡು ಹೊರತಗಡು ಎರಡನ್ನೂ ಅಂಗಿಯ ಗುಂಡಿಗಳ ಹಾಗೆ ಹಿಡಿದಿಟ್ಟಿರುವ ಸರಳುಗಳು. ಹೊಸದಾಗಿ ಹಾಕಿದವಕ್ಕೆಲ್ಲ ಹೊರತುದಿಯಿಂದ ಸಣ್ಣ ರಂಧ್ರ ಕೊರೆಸಿದೆ. ಸ್ಟೇ ಸಾಮಾನ್ಯವಾಗಿ ಹೊರತಗಡಿನ ಬಳಿಯೇ ಮುರಿಯುತ್ತದೆ. ಮುರಿದರೆ ಆ ರಂಧ್ರದಿಂದ ಉಗಿ ಚುಯ್ ಎಂದು ಬಂದು ತಾನೇ ಹೇಳುತ್ತದೆ. ರೈಲ್ವೆಯಲ್ಲಿ ಕಲಿತ ಪಾಠ ಇದು. ಪೇಂಟರ್ ಬಂದು ಆ ರಂಧ್ರಗಳಿಗೆ ಪುಟ್ಟಿ ತುಂಬದಂತೆ ನೋಡಿಕೊಳ್ಳಬೇಕು ಎನ್ನುವುದು ಅದಕ್ಕೆ ನಾನು ಸೇರಿಸುವ ಮಾತು.

ಹೊಸ ಟ್ಯೂಬುಗಳನ್ನು ಸ್ಮೋಕ್‌ಬಾಕ್ಸಿನ ಕಡೆಯಿಂದ ತೂರಿಸಿ ಬಾಯಿ ಅರಳಿಸುವ ಎಕ್ಸ್‌ಪ್ಯಾಂಡರ್ ಹಾಕಿ ಬಿಗಿಮಾಡಿದೆವು. ಹೊಸಬರು ಇಲ್ಲಿ ಶಕ್ತಿ ತೋರಿಸಲು ಹೋಗುತ್ತಾರೆ. ಅತಿಯಾಗಿ ಅರಳಿಸಿದರೆ ಟ್ಯೂಬಿನ ಗೋಡೆ ತೆಳುವಾಗುತ್ತದೆ, ಎರಡು ತೂತುಗಳ ನಡುವಿನ ತಗಡು ಸೀಳುತ್ತದೆ. ಸಾಲಾಗಿ ಒಂದರ ಪಕ್ಕ ಒಂದನ್ನು ಬಿಗಿಮಾಡುವುದೂ ಸರಿಯಲ್ಲ; ಅಲ್ಲೊಂದು ಇಲ್ಲೊಂದು ಎಂದು ಹಂಚಿಕೊಂಡು ಮಾಡಬೇಕು. ಬೆಂಕಿಯ ಕಡೆಯ ತುದಿಯನ್ನು ಮಡಚಿ ಮಣಿಯಂತೆ ಕೂರಿಸಬೇಕು, ಇಲ್ಲವಾದರೆ ಉರಿ ಆ ಅಂಚನ್ನು ಸುಟ್ಟುಹಾಕುತ್ತದೆ.

ಎಂಜಿನ್ನಿನ ಭಾಗ ಸುಲಭ. ಜನರಿಗೆ ತಿರುಗುವ ಭಾಗಗಳ ಮೇಲೆಯೇ ಕಣ್ಣು, ಆದರೆ ಅವು ಕೆಟ್ಟರೆ ಎಂಜಿನ್ ನಿಲ್ಲುತ್ತದೆ, ಅಷ್ಟೇ. ಹಿಡಿದುಕೊಂಡಿದ್ದ ಪಿಸ್ಟನ್ನಿಗೆ ಡೀಸೆಲ್ಲೂ ಎಣ್ಣೆಯೂ ಬೆರೆಸಿ ಬಿಟ್ಟು ಕಾದೆವು, ಬಂತು. ಬೇರಿಂಗುಗಳಿಗೆ ಹಾಸನದ ಒಬ್ಬ ಬಡಗಿ ಮರದ ಅಚ್ಚು ಮಾಡಿಕೊಟ್ಟ, ಗನ್‌ಮೆಟಲ್ ಎರಕ ಹೊಯ್ಯಿಸಿ ಅಲ್ಲಿಯ ಲೇತ್ ಅಂಗಡಿಯಲ್ಲೇ ಕಡೆಸಿದೆವು. ವಾಲ್ವ್ ಪೆಟ್ಟಿಗೆಯ ಮುಚ್ಚಳ ತೆಗೆದು, ಫ್ಲೈವೀಲನ್ನು ಕೈಯಿಂದ ತಿರುಗಿಸುತ್ತ, ಪಿಸ್ಟನ್ ಎರಡೂ ತುದಿ ಮುಟ್ಟಿದಾಗ ವಾಲ್ವ್ ಒಂದೇ ಅಳತೆಗೆ ತೆರೆಯುವಂತೆ ಹೊಂದಿಸಿದೆ.

ನೀರಿನ ಪರೀಕ್ಷೆಗೆ ಬಾಯ್ಲರ್ ಇನ್‌ಸ್ಪೆಕ್ಟರ್ ಬಂದರು. ಅಷ್ಟು ಹಳೆಯ ತಗಡಿಗೆ 100 ಪೌಂಡ್ ಕೇಳುವ ಹಟ ನಮಗಿರಲಿಲ್ಲ. ಪಲ್ಪರ್ ತಿರುಗಿಸಲು 60 ಪೌಂಡ್ ಧಾರಾಳ. ಅದರ ಒಂದೂವರೆ ಪಟ್ಟು, ಅಂದರೆ 90 ಪೌಂಡಿಗೆ ಏರಿಸಿ ಹಿಡಿದೆವು. ಎರಡು ಟ್ಯೂಬುಗಳ ಬಾಯಲ್ಲಿ ಬೆವರಿತು. ಒತ್ತಡ ಇಳಿಸಿ ಅವನ್ನು ಮತ್ತೆ ಬಿಗಿಮಾಡಿ ಇನ್ನೊಮ್ಮೆ ಏರಿಸಿದ ಮೇಲೆ ಅವರು ಸಹಿ ಹಾಕಿದರು.

ಫೈರ್‌ಬಾಕ್ಸಿನ ನೆತ್ತಿಯಲ್ಲಿ ಲೆಡ್ ಪ್ಲಗ್ ಇದೆ. ನೀರು ಇಳಿದು ನೆತ್ತಿ ಬರಿದಾದರೆ, 327 ಡಿಗ್ರಿಗೆ ಸೀಸ ಕರಗಿ ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಅದು ಕರಗುವ ಹಂತಕ್ಕೆ ಹೋಗಬಾರದು ಎಂದೇ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ಇರುವುದು. ಇಲ್ಲೊಂದು ಮೋಸವಿದೆ. ಗಾಜಿನ ಕೊಳವೆ ಪೂರ್ತಿ ತುಂಬಿದ್ದರೂ ಪೂರ್ತಿ ಖಾಲಿ ಇದ್ದರೂ ನೋಡಲು ಒಂದೇ. ಅದಕ್ಕೇ ಕೊಳವೆಯ ಹಿಂದಿನ ತಗಡಿನ ಮೇಲೆ ಓರೆ ಗೆರೆಗಳನ್ನು ಬಳಿಯುತ್ತಾರೆ. ನೀರಿದ್ದ ಕಡೆ ಗೆರೆ ಎದುರು ದಿಕ್ಕಿಗೆ ಓರೆಯಾಗಿ ಕಾಣುತ್ತದೆ. ತೋಟದ ಹುಡುಗರಿಗೆ ನಾನು ಮೊದಲು ಕಲಿಸಿದ್ದು ಇದನ್ನು. ಬೆಂಕಿ ಹಾಕುವುದನ್ನು ಆಮೇಲೆ.

ನೀರಿನ ವಿಷಯದಲ್ಲಿ ಮಲೆನಾಡು ನನ್ನನ್ನು ಯೋಚನೆಗೆ ಹಚ್ಚಿತು. ಅರಸೀಕೆರೆ ಕಡೆಯ ಕೊಳವೆಬಾವಿ ನೀರನ್ನು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಬಾಯ್ಲರಿನಲ್ಲೂ ಅದೇ, ಆ ಗಾರೆ ಶಾಖವನ್ನು ತಡೆದು ತಗಡನ್ನು ಸುಡಿಸುತ್ತದೆ. ಸಕಲೇಶಪುರದ ಮಳೆನೀರು ಮೆದು, ಗಾರೆ ಕಟ್ಟುವುದಿಲ್ಲ. ಆದರೆ ಅದರಲ್ಲಿ ಕರಗಿದ ಆಮ್ಲಜನಕ ತಗಡಿನಲ್ಲಿ ಗುಳಿ ತೋಡುತ್ತದೆ. ಸೋಡಾ ಆಶ್ ಬೆರೆಸಿ ನೀರನ್ನು ಕ್ಷಾರವಾಗಿ ಇಟ್ಟುಕೊಳ್ಳುತ್ತೇವೆ, ಪಟ್ಟಿ ಅದ್ದಿ ನೋಡಿ ಪುಸ್ತಕದಲ್ಲಿ ಬರೆಯುತ್ತೇವೆ.

ಮೊದಲ ಬೆಂಕಿಯನ್ನು ಸಂಜೆ ಹಾಕಿ ರಾತ್ರಿಯಿಡೀ ಸಣ್ಣಗೆ ಉರಿಸಿದೆವು. ಫೈರ್‌ಬಾಕ್ಸ್ ಬೇಗ ಕಾದು ಹಿಗ್ಗುತ್ತದೆ, ಬ್ಯಾರಲ್ಲಿನ ಹೊಟ್ಟೆ ತಣ್ಣಗೇ ಇರುತ್ತದೆ. ಆತುರಪಟ್ಟರೆ ಆ ಎಳೆದಾಟದಲ್ಲಿ ಟ್ಯೂಬಿನ ಬಾಯಿಗಳು ಸಡಿಲವಾಗುತ್ತವೆ. ಒಣಗಿದ ಸಿಲ್ವರ್ ಓಕ್, ಕಿತ್ತ ಕಾಫಿ ಗಿಡದ ಬುಡ, ಎರಡೂ ಚೆನ್ನಾಗಿ ಉರಿಯುತ್ತವೆ. ಸುತ್ತ ಒಣ ಎಲೆ ಇದ್ದುದರಿಂದ ಚಿಮಣಿಗೆ ಕಿಡಿ ತಡೆಯುವ ಬಲೆ ಹಾಕಿಸಿದೆ. ಬೆಳಿಗ್ಗೆ 60 ಪೌಂಡಿಗೆ ಸೇಫ್ಟಿ ವಾಲ್ವ್ ಎದ್ದಿತು. ಇನ್‌ಸ್ಪೆಕ್ಟರ್ ಮುಂದೆ ಹೊಂದಿಸಿ ಮೊಹರು ಹಾಕಿದ್ದು ಅದೇ ಅಂಕಿಗೆ. ಪಂಪು, ಉಗಿಯ ಬಲದಿಂದ ನೀರು ತಳ್ಳುವ ಇಂಜೆಕ್ಟರ್ ಎರಡರಿಂದಲೂ ಬಾಯ್ಲರಿಗೆ ನೀರು ಹೋಗುವುದನ್ನು ನೋಡಿಕೊಂಡು, ಸಿಲಿಂಡರಿನ ನೀರು ಬಸಿಯುವ ಕಾಕುಗಳನ್ನು ತೆರೆದು, ಉಗಿಯನ್ನು ಸ್ವಲ್ಪವೇ ಬಿಟ್ಟೆ. ತಣ್ಣಗಿರುವ ಸಿಲಿಂಡರಿನಲ್ಲಿ ಉಗಿ ನೀರಾಗುತ್ತದೆ. ಆ ನೀರು ಹೊರಹೋಗದಿದ್ದರೆ ಪಿಸ್ಟನ್ ಮುಚ್ಚಳವನ್ನೇ ಒಡೆಯುತ್ತದೆ. ಕಾಕುಗಳಿಂದ ಒಣ ಉಗಿ ಬಂದ ಮೇಲೆ ಫ್ಲೈವೀಲ್ ತಿರುಗಿತು. ಬೆಲ್ಟ್ ಹಾಕಿ ಪಲ್ಪರ್ ಓಡಿಸಿದೆವು, ಹಣ್ಣೂ ಸುಲಿದೆವು.

ಈಗ ಕೆಲವರು ಕೇಳುತ್ತಾರೆ, ಕಟ್ಟೆಯ ಮೇಲಿನ ರೈಲ್ವೆ ಎಂಜಿನ್ನುಗಳನ್ನೂ ಹೀಗೆ ಎಬ್ಬಿಸಬಹುದೇ ಎಂದು. 1855ರಲ್ಲಿ ಕಟ್ಟಿದ, 1909ರಲ್ಲಿ ಸೇವೆಯಿಂದ ತೆಗೆದ ಫೇರಿ ಕ್ವೀನ್ ಎಂಬ ಎಂಜಿನ್ 1997ರಲ್ಲಿ ಮತ್ತೆ ಗಾಡಿ ಎಳೆಯಿತು. ಹರಿಯಾಣದ ರೇವಾಡಿ ಶೆಡ್ಡಿನಲ್ಲಿ ಬ್ರಾಡ್ ಗೇಜಿನ ಡಬ್ಲ್ಯುಪಿ ಎಂಜಿನ್ನುಗಳಿಗೆ ಉಗಿ ಏರಿಸುವ ಜನ ಇದ್ದಾರೆ. ಆಗುತ್ತದೆ. ಆದರೆ ನಮ್ಮ ಕಡೆ ಓಡಿದ ವೈಪಿಗೆ ಹಳಿಯೇ ಉಳಿದಿಲ್ಲ. ಬೆಂಗಳೂರು–ಅರಸೀಕೆರೆ–ಹುಬ್ಬಳ್ಳಿ ಮಾರ್ಗವೆಲ್ಲ ಬ್ರಾಡ್ ಗೇಜ್. ಇನ್ನು ಬ್ರಾಡ್ ಗೇಜಿನದಾದರೂ ಮೊದಲು ಟ್ಯೂಬ್ ತೆಗೆದು ಅಳತೆ ಮಾಡಲು ಬಿಡುತ್ತೀರಾ ಎಂದು ನಾನು ತಿರುಗಿ ಕೇಳುತ್ತೇನೆ. ಅಲ್ಲಿಗೇ ಮಾತು ಮುಗಿಯುತ್ತದೆ.

ತೋಟದ ಎಂಜಿನ್ನನ್ನು ಮುಂಗಾರಿಗೆ ಮುಂಚೆ ಪೂರ್ತಿ ಬಸಿದು, ಸಣ್ಣ ಉರಿಯಲ್ಲಿ ಒಣಗಿಸಿ, ಬೂದಿಯನ್ನು ಗುಡಿಸಿ ತೆಗೆದು, ಒಳಗೆ ತಟ್ಟೆಗಳಲ್ಲಿ ಸುಟ್ಟ ಸುಣ್ಣ ಇಟ್ಟು ಮುಚ್ಚುತ್ತೇವೆ. ಸುಣ್ಣ ತೇವ ಹೀರುತ್ತದೆ. ನಡುವೆ ಒಮ್ಮೆ ಬದಲಿಸಬೇಕು. ಚಿಮಣಿಗೆ ತಗಡಿನ ಟೋಪಿ. ಪ್ರಮಾಣಪತ್ರ ಇರುವ ಅಟೆಂಡೆಂಟ್ ಇಲ್ಲದೆ ಬಾಯ್ಲರ್ ನಡೆಸುವಂತಿಲ್ಲ. ನಾನು ಪ್ರತಿ ಸಲವೂ ಅರಸೀಕೆರೆಯಿಂದ ಬರಲಾಗುವುದಿಲ್ಲವೆಂದು ತೋಟದ ಲೆಕ್ಕ ಬರೆಯುವ ರೈಟರ್ ಮಗನನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದೇನೆ. ಐಟಿಐ ಮಾಡಿದ್ದಾನೆ, ಲೆಕ್ಕ ಚೆನ್ನಾಗಿದೆ. ವಾಷೌಟ್ ಪ್ಲಗ್ಗಿಗೆ ಗ್ರಾಫೈಟ್ ಹಚ್ಚದೆ ಬಿಗಿಮಾಡುವ ಚಟವೊಂದನ್ನು ಬಿಡಿಸಬೇಕಾಗಿದೆ.