ಎಸ್‌ಟಿಪಿ ವಾಸನೆಗೆ ಭೋಸರಿಯ ತುಕ್ಕು

ಪುಣೆಯ ವಾಕಡ್‌ನಲ್ಲಿ ಒಂದು ಹೌಸಿಂಗ್ ಸೊಸೈಟಿಯ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್, ನೋಡಿಕೊಳ್ಳೋದು ನನ್ನ ಕೆಲಸ. ಪ್ಲಾಂಟ್ ಇರೋದು ಬೇಸ್‌ಮೆಂಟಿನಲ್ಲಿ, ಕಾರ್ ಪಾರ್ಕಿಂಗ್‌ಗೆ ಅಂಟಿಕೊಂಡು. ಕೊಳಚೆ ನೀರು ಬಂದು ನಿಲ್ಲುವ ಟ್ಯಾಂಕಿನಿಂದ ಕೊಳೆತ ಮೊಟ್ಟೆಯ ವಾಸನೆ ಏಳುತ್ತಿತ್ತು. ಅದು ಹೈಡ್ರೋಜನ್ ಸಲ್ಫೈಡ್. ಬರೀ ವಾಸನೆ ಆಗಿದ್ದರೆ ಜನ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರೇನೋ. ಪಂಪ್ ಪ್ಯಾನೆಲ್‌ನ ತಾಮ್ರದ ವೈರುಗಳೂ ಕಪ್ಪಾಗಿ, ಪಂಪ್ ಆನ್-ಆಫ್ ಮಾಡುವ ಕಾಂಟ್ಯಾಕ್ಟರ್ ಸ್ವಿಚ್‌ಗಳು ಕೈಕೊಡುತ್ತಿದ್ದವು.

ಸುಗಂಧದ ಸ್ಪ್ರೇ ಹೊಡೆಯೋದು ಸುಮ್ನೆ ದುಡ್ಡು ದಂಡ. ಸಾದಾ ಆ್ಯಕ್ಟಿವೇಟೆಡ್ ಕಾರ್ಬನ್ (ಸಣ್ಣ ಸಣ್ಣ ರಂಧ್ರಗಳಿರುವ ಇದ್ದಿಲು) ಈ ಅನಿಲವನ್ನು ಮೈಗೆ ಅಂಟಿಸಿಕೊಳ್ಳುತ್ತದೆ, ಆದರೆ ಬೇಗ ತುಂಬಿಹೋಗುತ್ತದೆ. ನಮಗೆ ಬೇಕಾದದ್ದು ಅನಿಲವನ್ನು ಹಿಡಿದು, ರಾಸಾಯನಿಕವಾಗಿ ಬೇರೆಯದನ್ನೇ ಮಾಡಿಬಿಡುವ ವಸ್ತು. ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಸೇರಿಸಿದ ಕಾರ್ಬನ್ ಹಾಗೆ ಮಾಡುತ್ತದೆ, ಬೆಲೆ ಜಾಸ್ತಿ. ಕಬ್ಬಿಣದ ತುಕ್ಕೂ ಅದೇ ಕೆಲಸ ಮಾಡುತ್ತದೆ. 19ನೇ ಶತಮಾನದಲ್ಲೇ ಕಲ್ಲಿದ್ದಲ ಗ್ಯಾಸ್ ಕಾರ್ಖಾನೆಗಳು ಇದರಿಂದ ಗ್ಯಾಸ್ ಶುದ್ಧ ಮಾಡುತ್ತಿದ್ದವು.

ಪುಣೆ ಪಕ್ಕದ ಕೈಗಾರಿಕಾ ಪ್ರದೇಶ ಭೋಸರಿಯಲ್ಲಿ ಲೇತ್ ವರ್ಕ್‌ಶಾಪ್‌ಗಳಿಗೇನು ಬರವೇ? ಅಲ್ಲಿನ ಭಂಗಾರದ (ಅಂದರೆ ಗುಜರಿ) ಅಂಗಡಿಯವರು ಸೊಲ್ಲಾಪುರ ಕಡೆಯವರು, ಕನ್ನಡದವರೇ. "ತುಕ್ಕು ಹಿಡದದ್ದು ಬ್ಯಾಡ್ರಿ ಸರ, ಹೊಸಾ ಚೂರು ಕೊಡ್ತೀನಿ" ಅಂದರು. "ಕಾಕಾ, ನನಗ ತುಕ್ಕs ಬೇಕ್ರಿ" ಅಂದೆ. ನನ್ನ ಮುಖವನ್ನೇ ನೋಡಿದರು. ಕೊನೆಗೆ, ನಾವೇ ತುಕ್ಕು ಹಿಡಿಸೋಣ ಅಂತ, ಲೇತ್‌ನಲ್ಲಿ ಕಬ್ಬಿಣ ಕಡೆದಾಗ ಬೀಳುವ ಸುರುಳಿ ಸುರುಳಿ ಚೂರನ್ನೇ ತಂದೆ. ಸುರುಳಿ ಇದ್ದರೆ ನಡುವೆ ಗಾಳಿ ಆಡುತ್ತದೆ. ಪುಡಿ ತುಕ್ಕು ಒತ್ತಾಗಿ ಕೂತುಬಿಡುತ್ತದೆ.

ಚೂರಿಗೆ ಕಟಿಂಗ್ ಆಯಿಲ್ ಮೆತ್ತಿರುತ್ತದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ತುಕ್ಕೇ ಹಿಡಿಯಲ್ಲ. ಆಮೇಲೆ ತೆಳ್ಳಗೆ ಹರಡಿ, ಉಪ್ಪುನೀರು ಚಿಮುಕಿಸುತ್ತಾ ಬಿಟ್ಟೆವು. ಪೂರ್ತಿ ಕೆಂಪಾದ ಮೇಲೆ ನೀಲಿ ಪ್ಲಾಸ್ಟಿಕ್ ಡ್ರಮ್‌ಗೆ ತುಂಬಿದೆವು. ತಳದಲ್ಲಿ ಇಟ್ಟಿಗೆ, ಅದರ ಮೇಲೆ ಜಾಲರಿ, ನೀರು ಬಸಿಯೋಕೆ ಒಂದು ನಲ್ಲಿ. ಟ್ಯಾಂಕಿನ ಗಾಳಿಯನ್ನು ಬ್ಲೋವರ್ ಕೆಳಗಿನಿಂದ ನೂಕುತ್ತದೆ, ಮೇಲಿನಿಂದ ಹೊರಗೆ ಹೋಗುತ್ತದೆ.

ಡ್ರಮ್‌ಗೆ ಒಂದು ಉದ್ದನೆಯ ಅಕ್ರಿಲಿಕ್ ಕಿಟಕಿ ಕೂರಿಸಿದೆ. ಖರ್ಚು ಮಾಡಿದ್ದರಲ್ಲಿ ಇದೇ ಅತ್ಯಂತ ಉಪಯೋಗದ್ದು. ತುಕ್ಕು ಅನಿಲದ ಜೊತೆ ಸೇರಿದರೆ ಕಬ್ಬಿಣದ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಗಾಳಿಯ ಆಮ್ಲಜನಕ ಸಿಕ್ಕರೆ ಅದೇ ಮತ್ತೆ ತುಕ್ಕಾಗುತ್ತದೆ, ಗಂಧಕ ಅಲ್ಲೇ ಉಳಿಯುತ್ತದೆ. ಬೆಳಗ್ಗೆ ಎಲ್ಲರ ಸ್ನಾನ, ಪಾತ್ರೆ ಮುಗಿದು ನೀರಿನ ಹರಿವು ಏರಿದಾಗ ಕಪ್ಪು ಗೆರೆ ಮೇಲೇರುತ್ತದೆ. ರಾತ್ರಿ ಹರಿವು ತಗ್ಗಿದ ಮೇಲೆ ನಿಧಾನಕ್ಕೆ ಕಂದು ಬಣ್ಣ ವಾಪಸ್ ಬರುತ್ತದೆ. ಹೀಗೆ ವಾಪಸ್ ಬರೋದು ನಿಂತರೆ ಗಂಧಕ ಕಟ್ಟಿಕೊಂಡಿದೆ, ಚೂರು ಬದಲಿಸಬೇಕು ಅಂತ ಲೆಕ್ಕ. ಲೆಕ್ಕದ ಪ್ರಕಾರ 1 ಕಿಲೋ ಐರನ್ ಆಕ್ಸೈಡ್ (ತುಕ್ಕು) ಒಂದು ಸುತ್ತಿನಲ್ಲಿ ಸುಮಾರು 640 ಗ್ರಾಂ ಅನಿಲ ಹಿಡಿಯಬೇಕು. ಡ್ರಮ್‌ನಲ್ಲಿ ಅಷ್ಟೆಲ್ಲ ಸಿಗಲ್ಲ, ಬಿಡಿ.

ತುಕ್ಕು ಒಣಗಲು ಬಿಡಬಾರದು. ತೇವ ಇದ್ದರೇನೇ ಅದು ಕೆಲಸ ಮಾಡೋದು. ಅದಕ್ಕಿಂತ ಮುಖ್ಯ, ಕಪ್ಪಾದ ಚೂರು ಒಣಗಿ ಒಮ್ಮೆಲೇ ಗಾಳಿಗೆ ಬಿದ್ದರೆ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬದಲಿಸುವಾಗ ಚೆನ್ನಾಗಿ ನೆನೆಸಿ, ಬಯಲಲ್ಲಿ ತೆಳ್ಳಗೆ ಹರಡಿ, ನೀರು ಚಿಮುಕಿಸುತ್ತಾ ಕಂದಾಗಲು ಬಿಡುತ್ತೇವೆ. ಭಂಗಾರದವರಿಗೆ ಕೊಡೋದು ಆಮೇಲೆ.

ಟ್ಯಾಂಕ್ ಮುಚ್ಚಳ ತೆಗೆಯುವ ಹುಡುಗರಿಗೆ ಮಾತ್ರ ಕಟ್ಟುನಿಟ್ಟು. ಈ ಅನಿಲ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ) ಆಸುಪಾಸಿಗೆ ಹೋದರೆ ಮೂಗೇ ಮರಗಟ್ಟಿ ವಾಸನೆ ಗೊತ್ತಾಗಲ್ಲ. "ವಾಸನಿ ಇಲ್ರಿ ಸರ, ಇಳೀತೀನ್ರಿ" ಅಂದರೆ ನಾನು ಒಪ್ಪಲ್ಲ. ಅನಿಲ ಅಳೆಯುವ ಮೀಟರ್ ಇಳಿಸಿ ನೋಡಲೇಬೇಕು.

ತುಕ್ಕು ಎಲ್ಲ ವಾಸನೆಗೂ ಮದ್ದಲ್ಲ. ಅಮೋನಿಯಾ ಹಾಗೇ ದಾಟಿಹೋಗುತ್ತದೆ, ಅದಕ್ಕೆ ಆಮ್ಲ ಸೇರಿಸಿದ ಕಾರ್ಬನ್ ಬೇಕು. ಡ್ರಮ್‌ನ ತುದಿಯಲ್ಲಿ ಅದರದೊಂದು ಪದರ ಇಟ್ಟಿದ್ದೇವೆ. ಸಪ್ಲೈಯರ್‌ನಿಂದ ಈಗ ಕೊಳ್ಳೋದು ಅದೊಂದೇ.