ಗೇಮ್ ಶೋ ಪುಸ್ತಕಕ್ಕಾಗಿ ಹಳೇ ಟಿ.ವಿ. ಪತ್ರಿಕೆಗಳನ್ನು ಜಾಲಾಡಿದ್ದು

ಕ್ವಿಜ್ ಶೋ ಮಾಡಿಸುವುದು ನನ್ನ ಹೊಟ್ಟೆಪಾಡು. ಪ್ರಶ್ನೆ ಬರೆಯುವ ತಂಡಕ್ಕೆ ಸೇರಿಕೊಂಡವನು ನಿಧಾನಕ್ಕೆ ಪ್ರೊಡ್ಯೂಸರ್ ಆದೆ. ಈಗ ಗೇಮ್ ಶೋಗಳು ಹುಟ್ಟಿ ಬೆಳೆದ ಕಥೆಯನ್ನು ಕನ್ನಡದಲ್ಲಿ ಪುಸ್ತಕ ಮಾಡಿದ್ದೇನೆ. ಅಚ್ಚಿನಲ್ಲಿದೆ. ಕರಡು ಓದಿದವರೆಲ್ಲ ಒಂದೇ ಮಾತು ಕೇಳಿದರು: ಅರವತ್ತು ಎಪ್ಪತ್ತು ವರ್ಷ ಹಿಂದಿನ ಇಂಗ್ಲೆಂಡ್, ಅಮೆರಿಕದ ಶೋಗಳ ವಿವರ ಬೆಂಗಳೂರಿನಲ್ಲಿ ಕೂತು ಎಲ್ಲಿಂದ ತಂದ್ರಿ ಸ್ವಾಮಿ?

ಹೆಚ್ಚಿನದ್ದು ಪತ್ರಿಕೆಗಳಿಂದ. ಅದೂ ಪ್ರಸಾರ ಸಂಸ್ಥೆಗಳೇ ಹೊರಡಿಸುತ್ತಿದ್ದ ಕಾರ್ಯಕ್ರಮ ಪತ್ರಿಕೆಗಳಿಂದ, ಮತ್ತೆ ಆ ಉದ್ಯಮದ ವಾರಪತ್ರಿಕೆಗಳಿಂದ.

ಮೊದಲು ಪ್ರೊಡ್ಯೂಸರ್‌ಗಳ ನೆನಪಿನ ಪುಸ್ತಕಗಳನ್ನೇ ಓದಿದೆ. ಓದೋಕೆ ಬಲು ಮಜಾ. ಆದರೆ ನಮ್ಮ ಜಾತಿಯವರ ಬುದ್ಧಿ ನನಗೆ ಗೊತ್ತಲ್ಲ! ಒಂದು ಐಡಿಯಾವನ್ನು ಚಾನೆಲ್‌ಗೆ ಮಾರುವಾಗ ಹೇಳಿದ ಕಥೆಯನ್ನೇ ಪತ್ರಕರ್ತರಿಗೂ ಹೇಳುತ್ತೇವೆ, ಮದುವೆ ಊಟದಲ್ಲೂ ಹೇಳುತ್ತೇವೆ. ಹೇಳ್ತಾ ಹೇಳ್ತಾ ಅದಕ್ಕೆ ಬಣ್ಣ ಬರುತ್ತದೆ. ಮೊದಲು ಯಾರೂ ಬೇಡ ಅಂದಿದ್ದು, ಒಬ್ಬ ಪುಣ್ಯಾತ್ಮ ಒಪ್ಪಿದ್ದು, ಮೊದಲ ರಾತ್ರಿಯೇ ಊರೆಲ್ಲ ಮಾತಾಡಿದ್ದು. ಎಲ್ಲ ಪುಸ್ತಕದಲ್ಲೂ ಇದೇ. ಅದಕ್ಕೇ ಒಂದು ಪದ್ಧತಿ ಇಟ್ಟುಕೊಂಡೆ. "ಯಾಕೆ" ಅನ್ನುವುದಕ್ಕೆ ಪ್ರೊಡ್ಯೂಸರ್ ಮಾತು, "ಯಾವಾಗ, ಯಾವ ಹೊತ್ತಿಗೆ, ಯಾರ ದುಡ್ಡಲ್ಲಿ" ಅನ್ನುವುದಕ್ಕೆ ಪತ್ರಿಕೆ. ಎರಡೂ ತಾಳೆಯಾಗದ ಕಡೆ ಸ್ವಲ್ಪ ಜಾಸ್ತಿ ಹೊತ್ತು ಕೂರುವುದು. ಪುಸ್ತಕದ ಒಳ್ಳೆಯ ಪುಟಗಳೆಲ್ಲ ಆ ತಾಳೆಯಾಗದ ಜಾಗಗಳಿಂದಲೇ ಬಂದವು.

ಬ್ರಿಟನ್ನಿನಿಂದ ಶುರು ಮಾಡುವುದು ಸುಲಭ. ಬಿಬಿಸಿಯ 'ರೇಡಿಯೊ ಟೈಮ್ಸ್' ಹೊರಟಿದ್ದು 1923ರ ಸೆಪ್ಟೆಂಬರ್ 28ಕ್ಕೆ. ಅದು ಹುಟ್ಟಿದ್ದೇ ಒಂದು ಜಗಳದಿಂದ. ರೇಡಿಯೊ ಕಾರ್ಯಕ್ರಮಪಟ್ಟಿ ಹಾಕಬೇಕಾದರೆ ದುಡ್ಡು ಕೊಡಿ ಅಂತ ದಿನಪತ್ರಿಕೆಗಳು ಪಟ್ಟು ಹಿಡಿದವು. ಹಾಗಾದರೆ ನಮ್ಮದೇ ಪತ್ರಿಕೆ ತರ್ತೀವಿ ಅಂದರು ಬಿಬಿಸಿಯ ಜಾನ್ ರೀತ್. ಆ ಪತ್ರಿಕೆಯ 1923ರಿಂದ 2009ರವರೆಗಿನ ಪಟ್ಟಿಗಳನ್ನೆಲ್ಲ ಬಿಬಿಸಿ ಸ್ಕ್ಯಾನ್ ಮಾಡಿಸಿ, 'ಜೀನೋಮ್' ಅನ್ನುವ ಹೆಸರಲ್ಲಿ 2014ರಿಂದ ಪುಕ್ಕಟೆಯಾಗಿ ನೋಡಲು ಬಿಟ್ಟಿದೆ. ಒಂದೊಂದು ನಮೂದಿನಲ್ಲೂ ಚಾನೆಲ್, ತಾರೀಖು, ಗಂಟೆ, ಎರಡು ಸಾಲಿನ ವಿವರಣೆ, ಕೆಲಸ ಮಾಡಿದ ಕೆಲವರ ಹೆಸರು ಇರುತ್ತವೆ. ನನ್ನ ಕಣ್ಣು ಹೋಗುವುದು ಗಂಟೆಯ ಮೇಲೆ. ಲೇಖನದಲ್ಲಿ ಚಾನೆಲ್‌ನವರು ಎಷ್ಟು ಬೇಕಾದರೂ ಹೊಗಳಿಕೊಳ್ಳಬಹುದು. ಆ ಶೋ ಮೇಲೆ ಅವರಿಗೆ ನಿಜಕ್ಕೂ ಎಷ್ಟು ನಂಬಿಕೆಯಿತ್ತು ಅನ್ನುವುದನ್ನು ಕೊಟ್ಟ ಸ್ಲಾಟ್ ಹೇಳಿಬಿಡುತ್ತದೆ.

ಬಿಬಿಸಿಯ ಕ್ವಿಜ್ ಶೋ 'ಮಾಸ್ಟರ್‌ಮೈಂಡ್' ನೋಡಿ. ಕತ್ತಲ ನಡುವೆ ಒಂದು ಕಪ್ಪು ಕುರ್ಚಿ, ಅದರ ಮೇಲಷ್ಟೇ ಬೆಳಕು, ಎದುರಿಗೆ ಪ್ರಶ್ನೆ ಕೇಳುವ ಮ್ಯಾಗ್ನಸ್ ಮ್ಯಾಗ್ನಸನ್. ಇದನ್ನು ಕಟ್ಟಿದವರು ಬಿಲ್ ರೈಟ್ ಅನ್ನುವ ಪ್ರೊಡ್ಯೂಸರ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಗನ್ನರ್ ಆಗಿದ್ದು, ಸೆರೆ ಸಿಕ್ಕಿ, ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊದವರ ವಿಚಾರಣೆಗೆ ಕೂತವರು. ಅಲ್ಲಿ ಕೇಳಿದ್ದು ಹೆಸರು, ಹುದ್ದೆ, ನಂಬರ್. ಶೋದಲ್ಲಿ ಕೇಳುವುದು ಹೆಸರು, ಉದ್ಯೋಗ, ಆಯ್ದುಕೊಂಡ ವಿಷಯ. ಇಂಥದ್ದು ಪತ್ರಿಕೆಯ ಪಟ್ಟಿಯಲ್ಲಿ ಸಿಗುವುದಿಲ್ಲ, ಜೊತೆಗಿದ್ದವರ ನೆನಪಿನಲ್ಲಷ್ಟೇ ಸಿಗುತ್ತದೆ. ಆದರೆ ಶೋ ಜನಪ್ರಿಯವಾದ ಬಗೆ ಕೇಳಿದರೆ, ಕುರ್ಚಿಯ ಮಹಿಮೆ ಅಂತ ಎಲ್ಲರೂ ಹೇಳುತ್ತಾರೆ. ಪಟ್ಟಿ ಬೇರೆಯೇ ಹೇಳುತ್ತದೆ. 1972ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ಇದು ಓದಿಕೊಂಡವರ ಕಾರ್ಯಕ್ರಮ ಅಂತ ರಾತ್ರಿ ತಡವಾಗಿ ಹಾಕುತ್ತಿದ್ದರು. ಮಾರನೇ ವರ್ಷ ಪ್ರೈಮ್ ಟೈಮ್‌ನ ಒಂದು ಹಾಸ್ಯ ಧಾರಾವಾಹಿ ಪೋಲಿಯಾಯಿತು ಅಂತ ವೀಕ್ಷಕರಿಂದ ದೂರು ಬಂದವು. ಅದನ್ನು ಹಿಂದಕ್ಕೆ ತಳ್ಳಿದರು. ಖಾಲಿಯಾದ ಜಾಗಕ್ಕೆ ಕೈಗೆ ಸಿಕ್ಕ 'ಮಾಸ್ಟರ್‌ಮೈಂಡ್' ಹಾಕಿದರು. ಲಕ್ಷಾಂತರ ಜನ ನೋಡತೊಡಗಿದ್ದು ಅಲ್ಲಿಂದ. ಬೇರೆಯವರ ಸ್ಲಾಟ್ ಬಿದ್ದಾಗ ಬದುಕಿಕೊಂಡ ಶೋಗಳು ನನ್ನ ಕಣ್ಣೆದುರೇ ಇವೆ, ಹಾಗಾಗಿ ಈ ಭಾಗ ಬರೆಯುವಾಗ ನಗು ಬಂತು. 1998ರಲ್ಲಿ ಸಿದ್ಧಾರ್ಥ ಬಸು ಇದೇ ಕುರ್ಚಿಯನ್ನು 'ಮಾಸ್ಟರ್‌ಮೈಂಡ್ ಇಂಡಿಯಾ' ಅಂತ ನಮ್ಮಲ್ಲಿಗೆ ತಂದರು.

ಜೀನೋಮ್‌ನಲ್ಲಿ ಹುಡುಕುವವರು ಎರಡು ವಿಷಯ ನೆನಪಿಟ್ಟುಕೊಂಡರೆ ತಲೆನೋವು ಕಡಿಮೆ. ಒಂದು, ಅದರಲ್ಲಿರುವುದು ಬಿಬಿಸಿ ಕಾರ್ಯಕ್ರಮ ಮಾತ್ರ. 'ಯೂನಿವರ್ಸಿಟಿ ಚಾಲೆಂಜ್' ಅಂತ ಹುಡುಕಿ ನೋಡಿ, ಬಿಬಿಸಿಗೆ ಬಂದ 1994ರಲ್ಲೇ ಶೋ ಹುಟ್ಟಿದ ಹಾಗೆ ಕಾಣುತ್ತದೆ. ನಿಜಕ್ಕೆ ಅದು 1962ರದ್ದು. ಗ್ರಾನಡಾ ಕಂಪನಿ ಅದನ್ನು ಐಟಿವಿ ಅನ್ನುವ ಖಾಸಗಿ ಚಾನೆಲ್ಲಿಗಾಗಿ ಮಾಡುತ್ತಿತ್ತು, ಬ್ಯಾಂಬರ್ ಗ್ಯಾಸ್ಕೊಯಿನ್ ನಡೆಸಿಕೊಡುತ್ತಿದ್ದರು. ಐಟಿವಿ ಪಟ್ಟಿ 'ಟಿವಿ ಟೈಮ್ಸ್'ನಲ್ಲಿ ಬರುತ್ತಿತ್ತು. 1991ರವರೆಗೆ ಬಿಬಿಸಿಯ ಇಡೀ ವಾರದ ಪಟ್ಟಿ ಬೇಕಂದ್ರೆ ಒಂದು ಪತ್ರಿಕೆ, ಐಟಿವಿಯದು ಬೇಕಂದ್ರೆ ಇನ್ನೊಂದು, ಎರಡನ್ನೂ ಕೊಳ್ಳಬೇಕಿತ್ತು. ಜನರ ಜೇಬಿಗೆ ಅನ್ಯಾಯ, ಅಲ್ವಾ? ಆ ವರ್ಷದ ಮಾರ್ಚ್‌ನಿಂದ ಪಟ್ಟಿ ಎಲ್ಲರಿಗೂ ಮುಕ್ತವಾಯಿತು. ಐಟಿವಿಯದು ಇನ್ನೂ ಒಂದು ತೊಡಕು. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಕಂಪನಿ, ಅದೇ ಶೋ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಹೊತ್ತಿಗೆ. ಕೈಯಲ್ಲಿರುವ ಪ್ರತಿ ಯಾವ ಪ್ರಾಂತ್ಯದ್ದು ಅಂತ ಮೊದಲು ಮುಖಪುಟದಲ್ಲಿ ನೋಡಿಕೊಳ್ಳಬೇಕು.

ಎರಡು, ಪಟ್ಟಿಯಲ್ಲಿರುವುದೆಲ್ಲ ಪ್ರಸಾರ ಆಗಿದೆ ಅಂತಲ್ಲ. ಪತ್ರಿಕೆ ದಿನಗಳ ಮುಂಚೆಯೇ ಅಚ್ಚಾಗುತ್ತದೆ. ಆಮೇಲೆ ದೊಡ್ಡ ಸುದ್ದಿ ಬಂದು ಶೋ ಎತ್ತಿದರೆ ಪಟ್ಟಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ಪುಸ್ತಕದಲ್ಲಿ "ಪ್ರಸಾರಕ್ಕೆ ನಿಗದಿಯಾಗಿತ್ತು" ಅಂತ ಒಂದು ಕಡೆ, "ಪ್ರಸಾರವಾಯಿತು" ಅಂತ ಇನ್ನೊಂದು ಕಡೆ ಬರೆದಿದ್ದೇನೆ. ಬೇಜಾರು ಹಿಡಿಸುವಷ್ಟು ಎಚ್ಚರಿಕೆ ಅಂತ ಸಂಪಾದಕರು ಗೊಣಗಿದರು. ನಾನು ಬಿಡಲಿಲ್ಲ.

ಅಮೆರಿಕದ್ದು ಬೇರೆ ಲೋಕ. ಅಲ್ಲಿ ಮನೆಮನೆಗೆ ಹೋಗುತ್ತಿದ್ದ 'ಟಿವಿ ಗೈಡ್' ಎನ್‌ಬಿಸಿ, ಸಿಬಿಎಸ್‌ನಂಥ ಯಾವ ನೆಟ್‌ವರ್ಕಿನದ್ದೂ, ಅಂದರೆ ದೇಶವ್ಯಾಪಿ ಪ್ರಸಾರ ಕಂಪನಿಯದ್ದೂ, ಅಲ್ಲ. ದೇಶವ್ಯಾಪಿಯಾಗಿ ಹೊರಟಿದ್ದು 1953ರ ಏಪ್ರಿಲ್‌ನಲ್ಲಿ, ಮೊದಲ ಮುಖಪುಟದಲ್ಲಿ ನಟಿ ಲ್ಯೂಸಿಲ್ ಬಾಲ್ ಅವರ ಎಳೆಗೂಸು. ನೆಟ್‌ವರ್ಕ್‌ಗಳು ತಮ್ಮ ನೌಕರರಿಗಾಗಿ ಮನೆಪತ್ರಿಕೆ ಹೊರಡಿಸುತ್ತಿದ್ದವು. ಎನ್‌ಬಿಸಿಗೆ 'ಎನ್‌ಬಿಸಿ ಟ್ರಾನ್ಸ್‌ಮಿಟರ್' ಅಂತ ಒಂದಿತ್ತು. ಆದರೆ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು 1931ರಲ್ಲಿ ಶುರುವಾದ 'ಬ್ರಾಡ್‌ಕಾಸ್ಟಿಂಗ್' ಅನ್ನುವ ಉದ್ಯಮದ ಪತ್ರಿಕೆ. 'ವರ್ಲ್ಡ್ ರೇಡಿಯೊ ಹಿಸ್ಟರಿ' ತಾಣದಲ್ಲಿ ಅದರ ಹಳೇ ಸಂಚಿಕೆಗಳ ರಾಶಿಯೇ ಇದೆ. ಅದನ್ನು ಓದುವಾಗ ನನ್ನದೊಂದು ಕ್ರಮ: ಲೇಖನ ಆಮೇಲೆ, ಮೊದಲು ಜಾಹೀರಾತು. ಯಾವ ಶೋವನ್ನು ಯಾರು ಯಾರಿಗೆ ಮಾರುತ್ತಿದ್ದಾರೆ, ಯಾವ ಸಾಬೂನು ಕಂಪನಿಯ ಬೆನ್ನು ಸವರುತ್ತಿದ್ದಾರೆ, ಎಲ್ಲ ಅಲ್ಲೇ ತಿಳಿಯುತ್ತದೆ.

ಐವತ್ತರ ದಶಕದ ಆ ಪುಟಗಳನ್ನು ತಿರುವಿದರೆ ಕಾರ್ಯಕ್ರಮದಷ್ಟೇ ದೊಡ್ಡದಾಗಿ ಪ್ರಾಯೋಜಕರು ಕಾಣುತ್ತಾರೆ. 1955ರ ಜೂನ್‌ನಲ್ಲಿ ಸಿಬಿಎಸ್‌ನಲ್ಲಿ ಬಂದ 'ದಿ 64,000 ಡಾಲರ್ ಕ್ವೆಶ್ಚನ್' ಅಂದರೆ ರೆವ್ಲಾನ್ ಲಿಪ್‌ಸ್ಟಿಕ್. ಮರುವರ್ಷ ಎನ್‌ಬಿಸಿಯ 'ಟ್ವೆಂಟಿ-ಒನ್' ಅಂದರೆ ಜೆರಿಟಾಲ್ ಟಾನಿಕ್. ಶೋ ಅವರದ್ದು, ಹೊತ್ತು ಮಾತ್ರ ನೆಟ್‌ವರ್ಕಿನದ್ದು ಅನ್ನುವಂತಿತ್ತು ವ್ಯವಹಾರ. ಇದು ತಲೆಗೆ ಹೋಗದಿದ್ದರೆ, ಶೋಗಳಲ್ಲಿ ಮೋಸ ನಡೆದ ಆಗಿನ ಕ್ವಿಜ್ ಹಗರಣ ಅರ್ಥವೇ ಆಗುವುದಿಲ್ಲ.

'ಟ್ವೆಂಟಿ-ಒನ್' ಬಗ್ಗೆ ಸ್ವಲ್ಪ ಹೇಳಲೇಬೇಕು. ಇಬ್ಬರು ಸ್ಪರ್ಧಿಗಳು, ಇಬ್ಬರಿಗೂ ಶಬ್ದ ಒಳಗೆ ಬಾರದ ಗಾಜಿನ ಗೂಡು. ಒಂದರಿಂದ ಹನ್ನೊಂದರವರೆಗೆ ಅಂಕ, ಅಂಕ ಹೆಚ್ಚಿದಷ್ಟೂ ಪ್ರಶ್ನೆ ಕಷ್ಟ, ಮೊದಲು 21 ಮುಟ್ಟಿದವರು ಗೆದ್ದರು. ಕಾಗದದ ಮೇಲೆ ಚೆಂದ. ಮೊದಲ ರಾತ್ರಿ ಮಾತ್ರ ಇಬ್ಬರೂ ಪ್ರಶ್ನೆ ಮೇಲೆ ಪ್ರಶ್ನೆ ತಪ್ಪಿಸಿಕೊಂಡು ಕೂತರು. ಪ್ರಾಯೋಜಕರು ಕೆಂಡವಾದರು ಅಂತ ಪ್ರೊಡ್ಯೂಸರ್ ಡ್ಯಾನ್ ಎನ್‌ರೈಟ್ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡಿದ್ದಾರೆ. ಈ ಕೆಲಸ ಮಾಡುವವರಿಗೆ ಆ ರಾತ್ರಿಯ ಸಂಕಟ ಚೆನ್ನಾಗಿ ಗೊತ್ತು. ಸ್ಪರ್ಧಿ "ಗೊತ್ತಿಲ್ಲ" ಅಂದಾಗ ಸೆಟ್ಟಿನಲ್ಲಿ ಹವಾ ಇಳಿದುಹೋಗುತ್ತದೆ. ಸಾಲಾಗಿ ಮೂರು "ಗೊತ್ತಿಲ್ಲ" ಬಂದರೆ ಶೂಟಿಂಗ್ ನಿಯಂತ್ರಿಸುವ ಕೋಣೆ ಪಿಸಿಆರ್‌ನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಾವು ಇದಕ್ಕೆ ಮಾಡುವ ಉಪಾಯ ಪ್ರಶ್ನೆಗಳ ಮಟ್ಟ ಸರಿಮಾಡುವುದು. ಒಂದೇ ಮಟ್ಟದ ಪ್ರಶ್ನೆಯನ್ನು ಆಫೀಸಿನ ಹುಡುಗರಿಗೆ, ಅಕೌಂಟ್ಸ್‌ನವರಿಗೆ, ಕ್ಯಾಂಟೀನಿನವರಿಗೆ ಕೇಳಿ, ಎಷ್ಟು ಜನ ಹೇಳಿದರು ನೋಡಿ, ಮೇಲೆ ಕೆಳಗೆ ಮಾಡುವುದು. ಎನ್‌ರೈಟ್ ಪ್ರಶ್ನೆ ಬದಲಿಸಲಿಲ್ಲ. ಉತ್ತರವನ್ನೇ ಸ್ಪರ್ಧಿಗಳಿಗೆ ಕೊಟ್ಟರು. ಯಾವಾಗ ಬೆವರು ಒರೆಸಿಕೊಳ್ಳಬೇಕು, ಯಾವಾಗ ತಡವರಿಸಬೇಕು ಅಂತಲೂ ಹೇಳಿಕೊಟ್ಟರು. ಹರ್ಬ್ ಸ್ಟೆಂಪೆಲ್ ಅನ್ನುವ ಸ್ಪರ್ಧಿಗೆ 1956ರ ಡಿಸೆಂಬರ್‌ನಲ್ಲಿ ಸೋಲಲು ಹೇಳಿದರು. ಅದೂ 1955ರ ಆಸ್ಕರ್ ಗೆದ್ದ 'ಮಾರ್ಟಿ' ಸಿನಿಮಾದ ಪ್ರಶ್ನೆಗೆ. ಆತನಿಗೆ ತುಂಬ ಇಷ್ಟದ ಸಿನಿಮಾ. ಗೊತ್ತಿದ್ದೂ ತಪ್ಪು ಉತ್ತರ ಹೇಳಿದ.

ಗೆದ್ದವರು ಕೊಲಂಬಿಯಾ ವಿಶ್ವವಿದ್ಯಾಲಯದ ಮೇಷ್ಟ್ರು ಚಾರ್ಲ್ಸ್ ವ್ಯಾನ್ ಡೊರೆನ್. 1957ರ ಫೆಬ್ರುವರಿ 11ರ 'ಟೈಮ್' ಮುಖಪುಟದಲ್ಲಿ ಅವರದೇ ಚಿತ್ರ. ಆ ವರ್ಷದ ಪತ್ರಿಕೆಗಳಲ್ಲಿ ಅವರು ದೇಶದ ಬುದ್ಧಿವಂತ ಅಳಿಯ. ಎನ್‌ಬಿಸಿ ಅವರನ್ನು ಬೆಳಗಿನ ಕಾರ್ಯಕ್ರಮಕ್ಕೂ ಕರೆದುಕೊಂಡಿತು. 1958ರ ಆಗಸ್ಟ್‌ನಲ್ಲಿ 'ಡಾಟೊ' ಅನ್ನುವ ಇನ್ನೊಂದು ಶೋವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ ಮೇಲೆ ಮೋಸ ಒಂದೊಂದಾಗಿ ಹೊರಬಿತ್ತು. 1959ರ ನವೆಂಬರ್ 2ರಂದು ವ್ಯಾನ್ ಡೊರೆನ್ ಅಮೆರಿಕದ ಸಂಸತ್ತಿನ ಸಮಿತಿಯೆದುರು, ತಮಗೂ ಉತ್ತರ ಮೊದಲೇ ಸಿಕ್ಕಿತ್ತು ಅಂತ ಒಪ್ಪಿಕೊಂಡರು. 1960ರಲ್ಲಿ ಕ್ವಿಜ್‌ನಲ್ಲಿ ಮೋಸ ಮಾಡುವುದನ್ನು ಅಪರಾಧ ಮಾಡಿ ಕಾನೂನು ಬಂತು. ಈ ಅಧ್ಯಾಯಕ್ಕೆ 1957ರ ಹೊಗಳಿಕೆಯನ್ನೂ 1959ರ ವರದಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಬರೆದೆ. ನನ್ನ ಟೀಕೆ ಬೇಕಾಗಲೇ ಇಲ್ಲ.

ಹಗರಣದ ನಂತರ ಕಾರ್ಯಕ್ರಮಗಳ ಹಿಡಿತ ನೆಟ್‌ವರ್ಕ್‌ಗಳ ಕೈಗೆ ಬಂತು. ಎನ್‌ಬಿಸಿಯ ಪ್ಯಾಟ್ ವೀವರ್ ಮೊದಲೇ ಒಂದು ದಾರಿ ತೋರಿಸಿದ್ದರು. ಪತ್ರಿಕೆಯಲ್ಲಿ ಹತ್ತು ಜನ ಜಾಹೀರಾತು ಕೊಡ್ತಾರೆ, ಆದರೆ ಲೇಖನ ಯಾರೂ ಬರೆಸುವುದಿಲ್ಲ. ಟಿ.ವಿ.ಯಲ್ಲೂ ಹಾಗೇ ಆಗಲಿ ಅಂತ. 'ಮ್ಯಾಗಜೀನ್ ಕಾನ್ಸೆಪ್ಟ್' ಅಂತಲೇ ಅದಕ್ಕೆ ಹೆಸರು. ಇವತ್ತು ನಾವು ಬ್ರೇಕಿನಲ್ಲಿ ಹತ್ತಾರು ಬ್ರ್ಯಾಂಡ್ ಹಾಕುವುದು ಅದೇ ಲೆಕ್ಕ.

ನಮ್ಮ ದೇಶದ ಭಾಗಕ್ಕೆ ಆಕಾಶವಾಣಿಯ 'ದಿ ಇಂಡಿಯನ್ ಲಿಸನರ್' ಸಿಕ್ಕಿತು. 1927ರಲ್ಲಿ 'ಇಂಡಿಯನ್ ರೇಡಿಯೊ ಟೈಮ್ಸ್' ಅಂತ ಶುರುವಾಗಿ, 1935ರ ಡಿಸೆಂಬರ್‌ನಲ್ಲಿ ಈ ಹೆಸರು ಪಡೆದು, 1958ರಲ್ಲಿ 'ಆಕಾಶವಾಣಿ' ಆದ ಪತ್ರಿಕೆ. ಹಳೇ ಸಂಚಿಕೆಗಳು ಅಂತರ್ಜಾಲದಲ್ಲಿವೆ. ಆ 'ಆಕಾಶವಾಣಿ' ಹೆಸರಿನ ಬೇರು ನಮ್ಮ ಮೈಸೂರಿನಲ್ಲಿದೆ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ನಡೆಸಿದ ರೇಡಿಯೊ ಕೇಂದ್ರದ ಹೆಸರು ಅದು. ಸ್ಕ್ಯಾನ್ ಮಸುಕಾಗಿರುವುದರಿಂದ ಕಂಪ್ಯೂಟರ್ ಅಕ್ಷರಗಳನ್ನು ತಪ್ಪಾಗಿ ಓದುತ್ತದೆ. 'ಕ್ವಿಜ್' ಅಂತ ಹುಡುಕಿದರೆ ಏನೂ ಸಿಗದ ಸಂಚಿಕೆಯಲ್ಲೇ ಪುಟ ತಿರುವಿದರೆ ಸಿಗಬಹುದು. ಹಾಗಾಗಿ ಕಾರ್ಯಕ್ರಮದ ಹೆಸರು ಬಿಟ್ಟು ನಡೆಸಿಕೊಟ್ಟವರ ಹೆಸರಿನಿಂದ ಹುಡುಕುತ್ತಿದ್ದೆ. ಅದೂ ಆಗದಿದ್ದರೆ ಸುಮ್ನೆ ಕೂತು ಪುಟಪುಟ ನೋಡುವುದು. ಬೇರೆ ದಾರಿಯಿಲ್ಲ.

ನಿಜವಾದ ಕಷ್ಟ ಇರುವುದು ನಮ್ಮ ಕಾಲದ ಶೋಗಳಲ್ಲಿ. 2000ದ ಜುಲೈ 3ಕ್ಕೆ 'ಕೌನ್ ಬನೇಗಾ ಕರೋಡ್‌ಪತಿ' ಬಂತು, 2002ರಲ್ಲಿ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಶುರುವಾಯಿತು, 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿಕೊಟ್ಟರು. ಇಂಥ ದೊಡ್ಡ ಶೋಗಳ ವಿವರ ಹೇಗೋ ಸಿಗುತ್ತದೆ. ಸಣ್ಣ ಶೋಗಳದ್ದು ಎಲ್ಲಿ ಸಿಗಬೇಕು? ನಾನು ಕೆಲಸ ಮಾಡಿದ ಕಡೆ ವೀಕ್ಷಕರಿಗೆ ಅಂತ ಪತ್ರಿಕೆ ಇರಲಿಲ್ಲ. ಇದ್ದದ್ದು ಎಫ್‌ಪಿಸಿ, ಅಂದರೆ ಯಾವ ಹೊತ್ತಿಗೆ ಏನು ಅನ್ನುವ ವಾರದ ಚಾರ್ಟ್, ಮತ್ತೆ ಪ್ರತಿ ಎಪಿಸೋಡಿನ ಕ್ಯೂ ಶೀಟ್, ಅಂದರೆ ಏನಾದ ಮೇಲೆ ಏನು ಅನ್ನುವ ಹಾಳೆ. ಎಫ್‌ಪಿಸಿ ಇಮೇಲ್‌ನಲ್ಲಿ ಬರುತ್ತಿತ್ತು, ಹೊಸದು ಬಂದ ಕೂಡಲೇ ಹಳೇದು ಅಳಿಸಿಹೋಗುತ್ತಿತ್ತು. ಕ್ಯೂ ಶೀಟಿನ ಹಿಂಬದಿಯಲ್ಲಿ ಊಟದ ಲೆಕ್ಕ ಬರೆದು ಎಸೆಯುತ್ತಿದ್ದೆವು. ನಮ್ಮದೇ ಒಂದು ಶೋದಲ್ಲಿ ಒಂದು ಲಕ್ಷ ರೂಪಾಯಿಯ ಪ್ರಶ್ನೆ ಯಾವುದಿತ್ತು ಅಂತ ಇವತ್ತು ಕೇಳಿದರೆ ಆ ತಂಡದ ಮೂವರು ಮೂರು ಥರ ಹೇಳುತ್ತಾರೆ.

ಕೊನೇ ಅಧ್ಯಾಯಕ್ಕೆ ಹೀಗೆ ಮಾಡಿದೆ. ದಿನಪತ್ರಿಕೆಗಳಲ್ಲಿ "ಇಂದು ಟಿ.ವಿ.ಯಲ್ಲಿ" ಅಂತ ಬರುತ್ತಿದ್ದ ಸಣ್ಣ ಕಾಲಮನ್ನು ಗ್ರಂಥಾಲಯದ ಬೈಂಡ್ ಮಾಡಿದ ಸಂಪುಟಗಳಿಂದ ಕಾಪಿ ಮಾಡಿಕೊಂಡೆ. ಸೆಟ್ಟಿನ ಫೋಟೊಗಳ ಹಿಂದೆ ಬರೆದ ತಾರೀಖುಗಳನ್ನು ಅದರ ಜೊತೆ ತಾಳೆ ನೋಡಿದೆ. ಎಡಿಟರ್ ಒಬ್ಬರು ಹಳೇ ಟೇಪಿನ ಡಬ್ಬಿಗಳ ಲೇಬಲ್ ಓದಿ ಫೋನಿನಲ್ಲಿ ಹೇಳಿದರು. ಲೇಬಲ್ ಮೇಲೆ ಎಪಿಸೋಡ್ ನಂಬರ್, ಶೂಟ್ ಆದ ದಿನ, "ಬ್ಯಾಂಕ್" ಅನ್ನುವ ಪದ ಇದ್ದವು. ಮುಂಚಿತವಾಗಿ ಶೂಟ್ ಮಾಡಿ ಇಟ್ಟ ಎಪಿಸೋಡಿಗೆ ನಾವು ಹಾಗೆ ಬರೆಯುತ್ತಿದ್ದೆವು. ಅವುಗಳಲ್ಲಿ ಕೆಲವು ಪ್ರಸಾರವೇ ಆಗಲಿಲ್ಲ. ಅಂಥವನ್ನು ಪುಸ್ತಕದಲ್ಲಿ ಬೇರೆಯಾಗಿ ಪಟ್ಟಿ ಮಾಡಿದ್ದೇನೆ, ಗೆದ್ದವರಿಗೆ ಬಹುಮಾನ ಸಂದಾಯ ಆಗಿತ್ತು ಅನ್ನುವ ಟಿಪ್ಪಣಿಯ ಜೊತೆ.